ಹೊಸ ಮನೆಯ ಕೌನ್ಸಿಲ್ ಟ್ಯಾಕ್ಸ್ ಬ್ಯಾಂಡ್: ವಾದ ಬೆಲೆಯದಲ್ಲ, ಅಳತೆಯದು

ಇಂಗ್ಲೆಂಡಿನ ಹೊಸ ಬಡಾವಣೆಯೊಂದರಲ್ಲಿ ಮನೆಯ ಕೀ ಕೈಗೆ ಬಂದು ಕೆಲವು ವಾರಗಳಲ್ಲಿ ಕೌನ್ಸಿಲ್ ಟ್ಯಾಕ್ಸ್ ಬಿಲ್ ಬರುತ್ತದೆ, ಅಂದರೆ ಸ್ಥಳೀಯ ಆಡಳಿತವಾದ ಕೌನ್ಸಿಲ್ ವಸೂಲಿ ಮಾಡುವ ಮನೆ ತೆರಿಗೆ. ತಮ್ಮ ಮನೆಯ ಬ್ಯಾಂಡ್, ಅಂದರೆ ಬೆಲೆಗೆ ತಕ್ಕಂತೆ ಹಾಕಿದ ತೆರಿಗೆ ದರ್ಜೆ, ಜಾಸ್ತಿಯಾಯಿತು ಅನ್ನಿಸಿದವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಬಿಲ್ ಕಳಿಸಿದ ಕೌನ್ಸಿಲ್‌ಗೇ ದೂರು ಬರೆಯುತ್ತಾರೆ. ದೂರಿನಲ್ಲಿ ತಾವು ಮನೆಗೆ ಕೊಟ್ಟ ಬೆಲೆಯನ್ನು ಮುಂದಿಡುತ್ತಾರೆ. ಕೌನ್ಸಿಲ್‌ನದು ಹಣ ವಸೂಲಿ ಮಾಡುವ ಕೆಲಸ ಮಾತ್ರ. ಬ್ಯಾಂಡ್ ಗೊತ್ತುಮಾಡುವುದು ಬ್ರಿಟನ್ನಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿ ಅಡಿಯ ವ್ಯಾಲ್ಯುಯೇಷನ್ ಆಫೀಸ್, ಎಲ್ಲರೂ ಕರೆಯುವಂತೆ ವಿಒಎ. ನೀವು ಕೊಟ್ಟ ಬೆಲೆ ಅದರ ಲೆಕ್ಕಕ್ಕೆ ಬರುವುದೇ ಇಲ್ಲ.

ಅದು ಕೇಳಿಕೊಳ್ಳುವ ಪ್ರಶ್ನೆ ಒಂದೇ: 1991ರ ಏಪ್ರಿಲ್ 1ರಂದು ಈ ಮನೆ ಮಾರಾಟಕ್ಕೆ ಬಂದಿದ್ದರೆ ಎಷ್ಟಕ್ಕೆ ಹೋಗುತ್ತಿತ್ತು? ಆಗ ಆ ಜಾಗದಲ್ಲಿ ಗೋಧಿ ಹೊಲವಿತ್ತು ಎಂದರೂ ಪ್ರಶ್ನೆ ಬದಲಾಗುವುದಿಲ್ಲ. ಮನೆ, ಬೀದಿ, ಬಡಾವಣೆ ಎಲ್ಲ ಇಂದಿನದೇ. ಬೆಲೆಯ ಮಟ್ಟ ಮಾತ್ರ ಅಂದಿನದು. 1993ರಲ್ಲಿ ಕೌನ್ಸಿಲ್ ಟ್ಯಾಕ್ಸ್ ಜಾರಿಗೆ ಬಂದಾಗ ಹಾಕಿದ ಈ ಬುನಾದಿಯನ್ನು ಇಂಗ್ಲೆಂಡ್ ಇಂದಿಗೂ ಬದಲಿಸಿಲ್ಲ. ವೇಲ್ಸ್‌ನಲ್ಲಿ 2003ರ ಏಪ್ರಿಲ್ 1ರ ಬೆಲೆ ಹಿಡಿಯುತ್ತಾರೆ, ಸ್ಕಾಟ್ಲೆಂಡಿನಲ್ಲಿ ಅಸೆಸರ್ ಎಂಬ ಬೇರೆ ಅಧಿಕಾರಿಯೇ ಇದ್ದಾರೆ. ಇಲ್ಲಿ ಬರೆದಿರುವುದು ಇಂಗ್ಲೆಂಡಿಗೆ ಸಂಬಂಧಿಸಿದ್ದು.

ಬೆಂಗಳೂರಿನಲ್ಲಿ ಮಾಲೀಕರೇ ಚದರಡಿ ಲೆಕ್ಕ ಹಾಕಿ ಸ್ವಯಂ ಘೋಷಣೆ ಮಾಡಿ ಮನೆ ಕಂದಾಯ ಕಟ್ಟುವ ರೂಢಿ ಇರುವವರಿಗೆ ಇನ್ನೊಂದು ವ್ಯತ್ಯಾಸವನ್ನೂ ಹೇಳಬೇಕು. ಇಲ್ಲಿ ತೆರಿಗೆ ಕಟ್ಟುವ ಹೊಣೆ ಸಾಮಾನ್ಯವಾಗಿ ಮನೆಯಲ್ಲಿ ವಾಸವಿರುವವರದು, ಬಾಡಿಗೆಗಿದ್ದರೂ ಅಷ್ಟೇ. ಹಾಗಾಗಿ ಹೊಸ ಫ್ಲ್ಯಾಟಿಗೆ ಬಾಡಿಗೆಗೆ ಬಂದವರೂ ಬ್ಯಾಂಡ್ ಪ್ರಶ್ನಿಸಬಹುದು.

1991ರ ಬೆಲೆ 40,000 ಪೌಂಡ್‌ವರೆಗಿದ್ದರೆ ‘ಎ’ ಬ್ಯಾಂಡ್. ಅಲ್ಲಿಂದ 52,000ದವರೆಗೆ ‘ಬಿ’, 68,000ದವರೆಗೆ ‘ಸಿ’, 88,000ದವರೆಗೆ ‘ಡಿ’, 1,20,000ದವರೆಗೆ ‘ಇ’, 1,60,000ದವರೆಗೆ ‘ಎಫ್’, 3,20,000ದವರೆಗೆ ‘ಜಿ’, ಅದರ ಮೇಲೆ ‘ಎಚ್’. ತೆರಿಗೆಯನ್ನು ಒಂಬತ್ತನೇ ಭಾಗಗಳಲ್ಲಿ ಎಣಿಸುತ್ತಾರೆ: ‘ಡಿ’ಗೆ 9 ಭಾಗ, ‘ಸಿ’ಗೆ 8, ‘ಇ’ಗೆ 11, ‘ಎಫ್’ಗೆ 13, ‘ಜಿ’ಗೆ 15. ನಿಮ್ಮ ಊರಿನಲ್ಲಿ ‘ಡಿ’ ಬ್ಯಾಂಡಿನ ವರ್ಷದ ತೆರಿಗೆ 2,250 ಪೌಂಡ್ ಎಂದಿಟ್ಟುಕೊಳ್ಳಿ. ಒಂದು ಭಾಗಕ್ಕೆ 250. ‘ಇ’ಯಿಂದ ‘ಡಿ’ಗೆ ಇಳಿದರೆ ವರ್ಷಕ್ಕೆ 500 ಪೌಂಡ್ ಉಳಿತಾಯ, ಅದೂ ಆ ಮನೆಯಲ್ಲಿ ಇರುವಷ್ಟು ವರ್ಷ. ‘ಡಿ’ಯಿಂದ ‘ಸಿ’ಗಾದರೆ ಅದರ ಅರ್ಧ. ಒಂದು ವಾರಾಂತ್ಯ ಕೂತು ಲೆಕ್ಕ ಮಾಡುವುದು ವ್ಯರ್ಥವಲ್ಲ.

ಬ್ಯಾಂಡ್ ಎಂದರೆ ಒಂದು ಬೆಲೆಯಲ್ಲ, ಅಗಲವಾದ ಒಂದು ಹರವು. 1991ರ ಲೆಕ್ಕದಲ್ಲಿ ಪಕ್ಕದ ಮನೆ 87,000, ನಿಮ್ಮದು 89,000 ಆದರೆ ಅವರದು ‘ಡಿ’, ನಿಮ್ಮದು ‘ಇ’. ಇದರಲ್ಲಿ ತಪ್ಪೇನೂ ಇಲ್ಲ. ಅವರ ಮನೆ ಸಾಲಿನ ನಡುವಿನದು, ನಿಮ್ಮದು ತುದಿಯದು ಎಂಬಷ್ಟಕ್ಕೇ ಗೆರೆ ದಾಟಿರಬಹುದು. ಆದ್ದರಿಂದ ‘ಪಕ್ಕದವರಿಗೆ ಕಡಿಮೆ’ ಎಂಬ ಒಂದು ಸಾಲಿನ ಅರ್ಜಿ ನಿಲ್ಲುವುದಿಲ್ಲ.

ಹೊಸ ಮನೆಗಳ ಬ್ಯಾಂಡ್ ತಪ್ಪಾಗುವುದು ಎಲ್ಲಿ? ಮನೆ ಮುಗಿಯುತ್ತಿರುವ ಸುದ್ದಿಯನ್ನು ಕೌನ್ಸಿಲ್ ವಿಒಎಗೆ ತಿಳಿಸುತ್ತದೆ. ಅಲ್ಲಿ ಬಹುಮಟ್ಟಿಗೆ ನಕ್ಷೆ ನೋಡಿ ಕೆಲಸ ನಡೆಯುತ್ತದೆ. ಯಾರೂ ಟೇಪ್ ಹಿಡಿದು ನಿಮ್ಮ ಬಾಗಿಲಿಗೆ ಬರುವುದು ಅಪರೂಪ. ಬಿಲ್ಡರ್‌ಗಳ ಬಳಿ ಪ್ರತಿ ಮಾದರಿಗೂ ಒಂದು ಹೆಸರಿರುತ್ತದೆ, ಪ್ರತಿ ಮನೆಗೂ ಒಂದು ಪ್ಲಾಟ್ ಸಂಖ್ಯೆ. ಪ್ಲಾಟ್ 14 ಆಮೇಲೆ ಅಂಚೆ ವಿಳಾಸದಲ್ಲಿ 27ನೇ ನಂಬರ್ ಆಗುತ್ತದೆ. ಈ ಎರಡು ಪಟ್ಟಿ ಅದಲುಬದಲಾದರೆ ನಿಮ್ಮ ಮೂರು ಬೆಡ್‌ರೂಮಿನ ಸೆಮಿಗೆ (ಒಂದು ಬದಿ ಪಕ್ಕದ ಮನೆಗೆ ಅಂಟಿದ ಮನೆ) ಎದುರಿನ ನಾಲ್ಕು ಬೆಡ್‌ರೂಮಿನ ಡಿಟ್ಯಾಚ್ಡ್ (ಬಿಡಿಯಾಗಿ ನಿಂತ) ಮನೆಯ ಅಳತೆ ಅಂಟಿಕೊಳ್ಳುತ್ತದೆ. ಅನುಮತಿ ಸಿಕ್ಕಮೇಲೆ ಬಿಲ್ಡರ್ ಮಾದರಿ ಬದಲಿಸಿದ್ದರೂ ಹಳೆಯ ನಕ್ಷೆಯ ಅಳತೆಯೇ ಉಳಿದುಬಿಡಬಹುದು. ಮನೆಗೆ ಅಂಟಿದ ಗ್ಯಾರೇಜ್ ವಾಸದ ಜಾಗದಲ್ಲಿ ಸೇರಿಹೋಗಿದೆಯೇ, ಮೇಲ್ಛಾವಣಿಯ ಇಳಿಜಾರಿನ ಕೆಳಗಿನ ಕೋಣೆಯನ್ನು ಎಷ್ಟು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ, ಇವೂ ನೋಡಬೇಕಾದ ಜಾಗಗಳು.

ಹಾಗಾಗಿ ಮೊದಲ ಕೆಲಸ ವಿಒಎಗೆ ಬರೆದು, ನಿಮ್ಮ ಮನೆಗೆ ಯಾವ ಮಾದರಿ, ಎಷ್ಟು ಚದರ ಮೀಟರ್, ಎಷ್ಟು ಬೆಡ್‌ರೂಮ್ ದಾಖಲಾಗಿದೆ ಎಂದು ಕೇಳುವುದು. ದಾಖಲೆಯೇ ತಪ್ಪಿದ್ದರೆ ಮಿಕ್ಕ ಯಾವ ವಾದವೂ ಬೇಡ.

ಅಳತೆ ಹೋಲಿಸುವಾಗ ಒಂದು ಹೊಂಡವಿದೆ. ತಯಾರಿ ಮಾಡಿಕೊಂಡವರೂ ಅದರಲ್ಲಿ ಬೀಳುತ್ತಾರೆ. ಮನೆ ಮತ್ತು ಬಂಗಲೆಗಳನ್ನು ವಿಒಎ ಹೊರಗೋಡೆಯ ಹೊರಮೈಯಿಂದ ಅಳೆಯುತ್ತದೆ, ಫ್ಲ್ಯಾಟುಗಳನ್ನು ಒಳಗಿನಿಂದ. ಮನೆಯ ಇಂಧನ ದಕ್ಷತೆ ತಿಳಿಸುವ ಇಪಿಸಿ ಪ್ರಮಾಣಪತ್ರದಲ್ಲಿರುವುದು ಒಳ ಅಳತೆ. ಹೊರಗಿನಿಂದ 9 ಮೀಟರ್ ಉದ್ದ, 6.2 ಮೀಟರ್ ಅಗಲದ ಎರಡಂತಸ್ತಿನ ಡಿಟ್ಯಾಚ್ಡ್ ಮನೆ ವಿಒಎ ಲೆಕ್ಕದಲ್ಲಿ 111.6 ಚದರ ಮೀಟರ್. ಗೋಡೆ 30 ಸೆಂಟಿಮೀಟರ್ ದಪ್ಪ ಎಂದುಕೊಂಡರೆ ಒಳಗೆ ಉಳಿಯುವುದು 8.4 ಮತ್ತು 5.6 ಮೀಟರ್, ಎರಡು ಅಂತಸ್ತಿಗೆ ಸುಮಾರು 94. ಅದೇ ಮನೆ, 17 ಚದರ ಮೀಟರಿಗೂ ಹೆಚ್ಚಿನ ವ್ಯತ್ಯಾಸ. ‘ನನ್ನ ಮನೆ 94, ವಿಒಎ 111 ಅಂದಿದೆ, ಮೋಸ’ ಎಂದು ಬರೆದರೆ ನಯವಾದ ಒಂದು ತಿರಸ್ಕಾರ ಪತ್ರ ಬರುತ್ತದೆ, ಅಷ್ಟೆ. ಒಳ ಅಳತೆಯನ್ನು ಒಳ ಅಳತೆಗೆ, ಹೊರ ಅಳತೆಯನ್ನು ಹೊರ ಅಳತೆಗೆ ಹೋಲಿಸಿ. ಕೌನ್ಸಿಲ್‌ನ ಪ್ಲಾನಿಂಗ್ ಜಾಲತಾಣದಲ್ಲಿ ನಿಮ್ಮ ಬಡಾವಣೆಯ ನಕ್ಷೆಗಳು ಸಾಮಾನ್ಯವಾಗಿ ಸಿಗುತ್ತವೆ, ಹೊರ ಅಳತೆಯನ್ನು ಅಲ್ಲಿಂದಲೇ ತೆಗೆಯಿರಿ. ಒಳ ಅಳತೆಗೆ ಇಪಿಸಿ ಪಟ್ಟಿ ಸಾಕು. ಯಾವ ವಿಳಾಸ ಹಾಕಿದರೂ ಉಚಿತವಾಗಿ ನೋಡಬಹುದು.

ಇನ್ನು ಹೋಲಿಕೆಗೆ ಮನೆಗಳನ್ನು ಆರಿಸುವುದು. ಹೊಸ ಮನೆಯವರ ಅರ್ಜಿ ಗೆಲ್ಲುವುದೂ ಸೋಲುವುದೂ ಇಲ್ಲೇ. ಕೆಳಗಿನ ಬ್ಯಾಂಡಿನಲ್ಲಿರುವ ಐದು ಮನೆಗಳ ವಿಳಾಸ ಕೊಡಲು ವಿಒಎ ಅವಕಾಶ ಕೊಡುತ್ತದೆ. ಅವು ನಿಮ್ಮದರಂಥದೇ ಮನೆಗಳಾಗಿರಬೇಕು: ವಯಸ್ಸು, ವಿನ್ಯಾಸ, ಗಾತ್ರ, ಬಗೆ. ಸೆಮಿಗೆ ಸೆಮಿ, ಟೆರೇಸಿಗೆ (ಎರಡೂ ಬದಿ ಅಂಟಿದ ಸಾಲುಮನೆ) ಟೆರೇಸ್. ಎಲ್ಲರೂ ಮೊದಲು ತಮ್ಮ ಬೀದಿಯನ್ನೇ ನೋಡುತ್ತಾರೆ, ನೋಡಲೂ ಬೇಕು. ಅದೇ ಮಾದರಿ ಅದೇ ಬೀದಿಯಲ್ಲಿ ಎರಡು ಬ್ಯಾಂಡಿನಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇರೆಯಿಲ್ಲ. ಆದರೆ ಹೊಸ ಬಡಾವಣೆಯಲ್ಲಿ ಎಲ್ಲ ಮನೆಗಳಿಗೂ ಒಂದೇ ಹೊತ್ತಿಗೆ, ಒಂದೇ ನಕ್ಷೆಯ ಕಟ್ಟಿನಿಂದ ಬ್ಯಾಂಡ್ ಬಿದ್ದಿರುತ್ತದೆ. ತಪ್ಪಾಗಿದ್ದರೆ ಇಡೀ ಬೀದಿಗೇ ತಪ್ಪಾಗಿರುತ್ತದೆ. ಆಗ ನೆರೆಮನೆಗಳು ಸಾಕ್ಷಿಯಲ್ಲ, ನಿಮ್ಮ ಜೊತೆ ಅದೇ ದೋಣಿಯಲ್ಲಿರುವವರು. ನೀವು ಹೋಗಬೇಕಾದ್ದು ಬಡಾವಣೆಯ ಬೇಲಿ ದಾಟಿ ಆಚೆಗೆ, ಹತ್ತಿಪ್ಪತ್ತು ವರ್ಷ ಹಿಂದಿನ ಹತ್ತಿರದ ಬಡಾವಣೆಗೆ. ಅಲ್ಲಿನ ಬ್ಯಾಂಡುಗಳು ಬೇರೆ ಹೊತ್ತಿನಲ್ಲಿ ಬಿದ್ದವು, ಪ್ರಶ್ನೆಗೆ ಒಳಗಾಗಿ ಗಟ್ಟಿಯಾಗಿ ನಿಂತವೂ ಅವುಗಳಲ್ಲಿರಬಹುದು.

ಆ ಮನೆಗಳ ವಯಸ್ಸು ನಿಮ್ಮ ಮನೆಯದಕ್ಕೆ ಸಮವಲ್ಲ ಎಂಬ ಆಕ್ಷೇಪ ಬರುತ್ತದೆ. ಅದನ್ನು ಮೀರಿಸುವ ಸಾಕ್ಷ್ಯ ಒಂದೇ: ನಿಮ್ಮದಕ್ಕಿಂತ ದೊಡ್ಡದಾದ, ನಿಮ್ಮದೇ ಬಗೆಯ ಮನೆ ಕೆಳಗಿನ ಬ್ಯಾಂಡಿನಲ್ಲಿರುವುದು. 95 ಚದರ ಮೀಟರಿನ ನಿಮ್ಮ ಸೆಮಿ ‘ಇ’ಯಲ್ಲಿದ್ದು, ಅರ್ಧ ಮೈಲಿ ದೂರದ 105 ಮೀಟರಿನ ಸೆಮಿಗಳ ಸಾಲೇ ‘ಡಿ’ಯಲ್ಲಿದ್ದರೆ ಉತ್ತರ ಕೊಡಬೇಕಾದವರು ವಿಒಎಯವರು. ಒಂದು ಮನೆಯಲ್ಲ, ಸಾಲು ಮುಖ್ಯ. ಒಂಟಿ ಮನೆಯಾದರೆ ಅದರ ಬ್ಯಾಂಡೇ ತಪ್ಪಿರಬಹುದು, ಅದನ್ನೇ ಮೇಲೇರಿಸಿಬಿಟ್ಟಾರು.

ಹಳೆಯ ಬಡಾವಣೆಯಲ್ಲಿ ವಿಸ್ತರಿಸಿದ ಮನೆಗಳನ್ನು ಬಿಡಿ. ಮನೆ ಹಿಂದೆ ದೊಡ್ಡ ಅಡುಗೆಮನೆ ಕಟ್ಟಿಸಿಕೊಂಡರೂ ಆ ಮನೆ ಮಾರಾಟವಾಗುವವರೆಗೆ ಬ್ಯಾಂಡ್ ಏರುವುದಿಲ್ಲ. ಇಪಿಸಿಯಲ್ಲಿ 130 ಮೀಟರ್, ಬ್ಯಾಂಡ್ ‘ಡಿ’ ಎಂದು ಕಂಡರೆ ಹಿಗ್ಗಬೇಡಿ. ‘ಡಿ’ ಬಂದದ್ದು ವಿಸ್ತರಣೆಗೆ ಮುಂಚಿನ ಮನೆಗೆ. ಸಂಶಯವಿದ್ದರೆ ಆ ವಿಳಾಸದ ಪ್ಲಾನಿಂಗ್ ಅರ್ಜಿಗಳನ್ನು ಹುಡುಕಿ.

ಬೆಲೆಯ ಸಾಕ್ಷ್ಯವೂ ನಡೆಯುತ್ತದೆ, ಆದರೆ 1989ರ ಏಪ್ರಿಲ್ 1ರಿಂದ 1993ರ ಮಾರ್ಚ್ 31ರ ನಡುವೆ ನಿಜವಾಗಿ ಮಾರಾಟವಾದ ಮನೆಗಳದು ಮಾತ್ರ. ಆಸ್ತಿ ನೋಂದಣಿ ಇಲಾಖೆಯಾದ ಲ್ಯಾಂಡ್ ರಿಜಿಸ್ಟ್ರಿಯ ಮುಕ್ತ ಬೆಲೆಪಟ್ಟಿ 1995ರಿಂದ ಶುರುವಾಗುವುದರಿಂದ ಅಲ್ಲಿ ಇದು ಸಿಗುವುದಿಲ್ಲ; ಊರಿನ ಲೈಬ್ರರಿಯಲ್ಲಿ ಹಳೆಯ ಪತ್ರಿಕೆ ತಿರುವಬೇಕು. ನೇಷನ್‌ವೈಡ್ ಮನೆಬೆಲೆ ಸೂಚ್ಯಂಕ ಹಿಡಿದು ಇಂದಿನ ಬೆಲೆಯನ್ನು 1991ಕ್ಕೆ ಹಿಂದಕ್ಕೆ ಎಳೆಯುವ ಲೆಕ್ಕವನ್ನು ವಿಒಎ ಸಾಕ್ಷ್ಯವೆಂದು ಒಪ್ಪುವುದಿಲ್ಲ. ಪ್ರದೇಶದ ಸರಾಸರಿ ನಿಮ್ಮ ಬೀದಿಯ ಮಾತು ಹೇಳುವುದಿಲ್ಲ, ಹೊಸ ಮನೆಗೆ ತೆತ್ತ ಹೆಚ್ಚುವರಿ ಬೆಲೆಯೂ ಅದರಲ್ಲಿ ಬೆರೆತಿರುತ್ತದೆ. ನಿಮ್ಮದೇ ಒಂದು ಅಂದಾಜಿಗೆ ಮಾಡಿ ನೋಡಿ, ಅರ್ಜಿಗೆ ಹಾಕಬೇಡಿ.

ಹೊಸ ಮನೆಯವರ ಕೆಲವು ಅಸಮಾಧಾನಗಳು ನ್ಯಾಯವಾದವೇ, ಆದರೆ ಬ್ಯಾಂಡಿಗೆ ತಾಗುವುದಿಲ್ಲ. ಮನೆ ಒಳ್ಳೆಯ ಸ್ಥಿತಿಯಲ್ಲಿದೆ ಎಂದು ಕಾನೂನು ಊಹಿಸಿಕೊಳ್ಳುವುದರಿಂದ ಗೋಡೆಯ ಬಿರುಕು, ಸೋರುವ ಶವರ್, ಬಿಲ್ಡರ್ ಮುಗಿಸದೆ ಬಿಟ್ಟ ಸಣ್ಣಪುಟ್ಟ ಕೆಲಸ ಲೆಕ್ಕಕ್ಕಿಲ್ಲ. ಬಡಾವಣೆಯ ರಸ್ತೆ, ಪಾರ್ಕುಗಳಿಗೆಂದು ಖಾಸಗಿ ಕಂಪನಿಗೆ ವರ್ಷವರ್ಷ ಕಟ್ಟುವ ಶುಲ್ಕವೂ ಇಲ್ಲ. ಆಸ್ತಿಯ ಮೇಲೆ ಅಂಥ ಯಾವ ಹೊರೆಯೂ ಇಲ್ಲ ಎಂದುಕೊಂಡೇ ಬೆಲೆ ಕಟ್ಟಬೇಕೆಂದು ನಿಯಮವಿದೆ. ಕೌನ್ಸಿಲ್ ಮಾಡಬೇಕಾದ ಕೆಲಸಕ್ಕೆ ಎರಡು ಸಲ ದುಡ್ಡು ಕೊಡುವವರ ಸಿಟ್ಟು ಅರ್ಥವಾಗುವಂಥದ್ದು, ಆದರೆ ಅದಕ್ಕೆ ಪರಿಹಾರ ಈ ದಾರಿಯಲ್ಲಿಲ್ಲ. ಮನೆಯ ಒಂದು ಪಾಲನ್ನಷ್ಟೇ ಕೊಳ್ಳುವ ಶೇರ್ಡ್ ಓನರ್‌ಶಿಪ್‌ನಲ್ಲಿ ಶೇ. 40 ಪಾಲು ಕೊಂಡಿದ್ದರೂ ಬ್ಯಾಂಡ್ ಇಡೀ ಮನೆಯ ಬೆಲೆಗೆ. ಫ್ಲ್ಯಾಟಿಗೆ 99 ವರ್ಷದ, ನಾಮಮಾತ್ರ ಬಾಡಿಗೆಯ ಲೀಸ್ ಇದೆ ಎಂದು ಹಿಡಿಯುತ್ತಾರೆ. ನೀವು ಕಟ್ಟುವ ನೆಲಬಾಡಿಗೆ (ಗ್ರೌಂಡ್ ರೆಂಟ್) ಎಷ್ಟಿದ್ದರೂ ಒಂದೇ.

ಗಡುವು ಗಟ್ಟಿ ನೆನಪಿರಲಿ. ಆ ಮನೆಗೆ ನೀವು ಮೊದಲ ಬಾರಿ ತೆರಿಗೆದಾರರಾದ ದಿನದಿಂದ 6 ತಿಂಗಳೊಳಗೆ ‘ಪ್ರಪೋಸಲ್’, ಅಂದರೆ ಬ್ಯಾಂಡ್ ಬದಲಿಸಿ ಎಂದು ವಿಒಎಗೆ ವಿಧಿವತ್ತಾದ ಅರ್ಜಿ, ಸಲ್ಲಿಸುವ ಹಕ್ಕಿದೆ. ವಿಒಎ ಬ್ಯಾಂಡ್ ಬದಲಿಸಿ ನೋಟಿಸ್ ಕೊಟ್ಟಾಗಲೂ 6 ತಿಂಗಳು ಸಿಗುತ್ತದೆ. ಯಾವುದು ಮೊದಲೋ ಅದರಿಂದ ಎಣಿಸಿಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ. ಗಡುವು ಮೀರಿದರೆ ‘ಬ್ಯಾಂಡ್ ರಿವ್ಯೂ’ ಕೇಳಬಹುದು, ಆದರೆ ಅದಕ್ಕೆ ಮೊದಲೇ ಗಟ್ಟಿ ಪುರಾವೆ ಬೇಕು, ವಿಒಎ ಒಪ್ಪದಿದ್ದರೆ ಮೇಲ್ಮನವಿ ಕೇಳುವ ಟ್ರಿಬ್ಯೂನಲ್ ಬಾಗಿಲು ತೆರೆಯುವುದಿಲ್ಲ. ಈ ಒಂದು ವ್ಯತ್ಯಾಸಕ್ಕಾಗಿಯೇ, ಪುರಾವೆ ಇನ್ನಷ್ಟು ಕೂಡಲಿ ಎಂದು ಏಳನೇ ತಿಂಗಳವರೆಗೆ ಕಾಯಬಾರದು.

ಸ್ವಂತ ನಿವೇಶನದಲ್ಲಿ ಕಟ್ಟಿಸಿದವರಿಗೆ ಇನ್ನೊಂದು ಗಡಿಯಾರವೂ ಓಡುತ್ತಿರುತ್ತದೆ. ಮೂರು ತಿಂಗಳಲ್ಲಿ ಮುಗಿಯಬಹುದಾದ ಮನೆಗೆ ಕೌನ್ಸಿಲ್ ಕಂಪ್ಲೀಷನ್ ನೋಟಿಸ್ ಕೊಟ್ಟು, ಇಂಥ ದಿನ ಮುಗಿಯಿತೆಂದು ಘೋಷಿಸಬಹುದು. ತೆರಿಗೆ ಆ ದಿನದಿಂದ ಶುರು. ದಿನಾಂಕ ಒಪ್ಪಿಗೆಯಿಲ್ಲದಿದ್ದರೆ ಮೇಲ್ಮನವಿಗೆ ಇರುವುದು 4 ವಾರ ಮಾತ್ರ.

ಅರ್ಜಿ ಚಿಕ್ಕದಿರಲಿ. ಈಗಿನ ಬ್ಯಾಂಡ್, ಆಗಬೇಕಾದ ಬ್ಯಾಂಡ್, ನಿಮ್ಮ ಮನೆಯ ಬಗೆ ಮತ್ತು ಅಳತೆ, ಆಮೇಲೆ ಪ್ರತಿ ಹೋಲಿಕೆಯ ಮನೆಗೂ ವಿಳಾಸ, ಬಗೆ, ಕಟ್ಟಿದ ಕಾಲ, ಅಳತೆ, ಬ್ಯಾಂಡ್. ಅಳತೆ ಒಳಗಿನದೋ ಹೊರಗಿನದೋ ಎಂದು ಬರೆಯಿರಿ. ಒಂದು ಪುಟ ಸಾಕು. ಪ್ರಪೋಸಲ್‌ಗೆ ವಿಒಎ 4 ತಿಂಗಳಲ್ಲಿ ತೀರ್ಮಾನ ತಿಳಿಸಬೇಕು. ಅಷ್ಟರವರೆಗೆ ಹಳೆಯ ಬಿಲ್ಲನ್ನೇ ಕಟ್ಟುತ್ತಿರಿ. ನಿಲ್ಲಿಸಿದರೆ ಕೌನ್ಸಿಲ್ ಬಾಕಿ ವಸೂಲಿಗೆ ಇಳಿಯುತ್ತದೆ. ಬ್ಯಾಂಡ್ ಇಳಿದರೆ ನೀವು ಹೆಚ್ಚಾಗಿ ಕಟ್ಟಿದ್ದನ್ನು ಮೊದಲಿನಿಂದ ಲೆಕ್ಕ ಹಾಕಿ ಕೌನ್ಸಿಲ್ ಹಿಂದಿರುಗಿಸುತ್ತದೆ.

ಬ್ಯಾಂಡ್ ಏರಲೂಬಹುದು, ನಿಮ್ಮದಷ್ಟೇ ಅಲ್ಲ, ನೆರೆಯವರದೂ. ಏರಿದರೆ ಸಾಮಾನ್ಯವಾಗಿ ಪಟ್ಟಿ ತಿದ್ದಿದ ದಿನದಿಂದ ಮುಂದಕ್ಕೆ ಅನ್ವಯ. ಸುತ್ತಲಿನ ನಿಮ್ಮ ಮಾದರಿಯ ಮನೆಗಳೆಲ್ಲ ಮೇಲಿನ ಬ್ಯಾಂಡಿನಲ್ಲಿ ಕಂಡರೆ ಸುಮ್ಮನಿರುವುದೇ ಜಾಣತನ.

ತೀರ್ಮಾನ ವಿರುದ್ಧ ಬಂದರೆ 3 ತಿಂಗಳೊಳಗೆ ವ್ಯಾಲ್ಯುಯೇಷನ್ ಟ್ರಿಬ್ಯೂನಲ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಟ್ರಿಬ್ಯೂನಲ್‌ನ ಹಿಂದಿನ ತೀರ್ಪುಗಳನ್ನು ಅದರ ಜಾಲತಾಣದಲ್ಲಿ ಓದಬಹುದು. ನಿಮ್ಮ ಊರಿನ ಹೊಸ ಬಡಾವಣೆಯ ಒಂದೆರಡು ತೀರ್ಪು ಓದಿದರೆ, 1991ರ ಹತ್ತಿರದ ನಿಜವಾದ ಮಾರಾಟಕ್ಕೆ ಮತ್ತು ನೆಲೆನಿಂತ ಬ್ಯಾಂಡುಗಳಿಗೆ ಅದು ಎಷ್ಟು ತೂಕ ಕೊಡುತ್ತದೆಂದು ಗೊತ್ತಾಗುತ್ತದೆ. ಇಷ್ಟೆಲ್ಲ ಪುಕ್ಕಟೆಯಾಗಿರುವಾಗ, ‘ನಿಮ್ಮ ಬ್ಯಾಂಡ್ ಇಳಿಸಿಕೊಡುತ್ತೇವೆ, ಬಂದ ಹಣದಲ್ಲಿ ಪಾಲು ಕೊಡಿ’ ಎಂದು ಫೋನ್ ಮಾಡುವವರಿಗೆ ಬ್ಯಾಂಕ್ ವಿವರ ಕೊಡಬೇಡಿ. ವಿಒಎಯವರೇ ಮಾತಾಡುತ್ತಿದ್ದೇವೆ ಎಂದು ಹೇಳಿಕೊಂಡು ರೀಫಂಡ್ ಆಸೆ ತೋರಿಸುವ ಕರೆಗಳಿಗೂ ಅದೇ ಉತ್ತರ. ಮರುಪಾವತಿ ಬರುವುದು ಕೌನ್ಸಿಲ್‌ನಿಂದ.