ಪದ ಪರಿಚಯ: ಡಿಪಿಐ

"ಫೋಟೊ 72 ಡಿಪಿಐ ಇದೆ ಸಾರ್, ಪ್ರಿಂಟಿಗೆ ಬರಲ್ಲ. 300 ಡಿಪಿಐ ಮಾಡಿ ಕಳಿಸಿ." ಈ ಮಾತು ಡಿಟಿಪಿ ಅಂಗಡಿಯಿಂದ ಹೊರಟು ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಗೆ ಬಂತು. ಅಲ್ಲಿಂದ ಲೇಖಕರ ವಾಟ್ಸಾಪ್ ಗುಂಪಿಗೆ ಇಳಿದು, ಈಗ "ಭಾವಚಿತ್ರವು ಕಡ್ಡಾಯವಾಗಿ 300 ಡಿಪಿಐ ಇರತಕ್ಕದ್ದು" ಎಂಬ ಸುತ್ತೋಲೆಯ ಭಾಷೆಗೆ ತಿರುಗಿದೆ. ಲೇಖಕರು ಮಾತು ಕೇಳುವವರು. ಯಾವುದೋ ಆ್ಯಪ್‌ನಲ್ಲಿ 72 ಅಳಿಸಿ 300 ಎಂದು ಬರೆದು ಕಳಿಸುತ್ತಾರೆ. ಫೋಟೊ ಮೊದಲು ಎಷ್ಟು ಮಸುಕಾಗಿತ್ತೋ ಅಷ್ಟೇ ಮಸುಕಾಗಿ ಅಚ್ಚಾಗುತ್ತದೆ. ಬೈಗುಳ ಮಾತ್ರ ಮುದ್ರಕನ ಪಾಲಿಗೆ.

ಡಾಟ್ಸ್ ಪರ್ ಇಂಚ್, ಇಂಚಿಗೆ ಇಷ್ಟು ಚುಕ್ಕಿ. ಇದು ಎಲ್ಲರಿಗೂ ಗೊತ್ತು. ಯಾವ ಚುಕ್ಕಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕಂಪ್ಯೂಟರಿನಿಂದ ಅಚ್ಚು ಹಾಕುವ ಪ್ಲೇಟಿಗೆ ಹೋಗುವ ದಾರಿಯಲ್ಲಿ ಮೂರು ಬಗೆಯ ಚುಕ್ಕಿ ಸಿಗುತ್ತದೆ. ಫೋಟೊದ ಒಳಗಿರುವುದು ಪಿಕ್ಸೆಲ್. ಅದರ ಲೆಕ್ಕ ಪಿಪಿಐ, ಇಂಚಿಗೆ ಇಷ್ಟು ಪಿಕ್ಸೆಲ್. ಅಚ್ಚಾದ ಹಾಳೆಯ ಮೇಲೆ ಭೂತಗನ್ನಡಿ ಹಿಡಿದರೆ ತಿಳಿ ಬಣ್ಣದಲ್ಲಿ ಸಣ್ಣದಾಗಿ, ಗಾಢ ಬಣ್ಣದಲ್ಲಿ ದಪ್ಪಗೆ ಕಾಣುವುದು ಹಾಫ್‌ಟೋನ್ ಚುಕ್ಕಿ. ಅದರ ಲೆಕ್ಕ ಎಲ್‌ಪಿಐ, ಇಂಚಿಗೆ ಇಷ್ಟು ಸಾಲು. ಪ್ಲೇಟಿನ ಮೇಲೆ ಲೇಸರ್ ಹೊಡೆಯುವುದು ಮೂರನೆಯ ಚುಕ್ಕಿ. ಡಿಪಿಐ ಎಂಬ ಹೆಸರು ನ್ಯಾಯವಾಗಿ ಸಲ್ಲಬೇಕಾದ್ದು ಈ ಮೂರನೆಯದಕ್ಕೆ ಮಾತ್ರ. ಅದು ಯಂತ್ರದ ಗುಣ. ಫೋಟೊಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ "72 ಡಿಪಿಐ ಫೋಟೊ" ಎಂದರೇನು? ಏನೂ ಅಲ್ಲ. ಫೋನಿನಲ್ಲಿ ತೆಗೆದ 4032 × 3024 ಪಿಕ್ಸೆಲ್‌ನ ಚಿತ್ರವೊಂದನ್ನು ತೆಗೆದುಕೊಳ್ಳಿ. ಕಡತದಲ್ಲಿ 72 ಎಂದು ಬರೆದಿದ್ದರೆ ಫೋಟೊಶಾಪ್ ಅದನ್ನು 56 × 42 ಇಂಚಿನ ಚಿತ್ರವೆಂದು ತೋರಿಸುತ್ತದೆ. 300 ಎಂದು ಬರೆದಿದ್ದರೆ 13.4 × 10 ಇಂಚು. ಪಿಕ್ಸೆಲ್ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಜೆಫಿಫ್ ಮಾದರಿಯ ಜೆಪಿಇಜಿ ಕಡತದ ತಲೆಯಲ್ಲಿ ಈ ಸಂಖ್ಯೆಗೆ ಅಡ್ಡಕ್ಕೆ ಎರಡು ಬೈಟು, ಉದ್ದಕ್ಕೆ ಎರಡು ಬೈಟು ಜಾಗ ಇದೆ. "300 ಮಾಡಿ ಕೊಡುವುದು" ಎಂದರೆ ಆ ನಾಲ್ಕು ಬೈಟು ತಿದ್ದುವುದು. ಇಮೇಜ್ ಸೈಜ್ ಕಿಟಕಿಯಲ್ಲಿ ರೀಸ್ಯಾಂಪಲ್ ಎಂಬ ಚೌಕದ ಗುರುತು ತೆಗೆದು 72ನ್ನು 300 ಮಾಡಿ ನೋಡಿ: ಇಂಚುಗಳು ಕುಗ್ಗುತ್ತವೆ, ಕಡತದ ತೂಕ ಹಾಗೇ ಇರುತ್ತದೆ. ಗುರುತು ಇಟ್ಟು ಮಾಡಿದರೆ ಅಪಾಯ. ಆಗ ಸಾಫ್ಟ್‌ವೇರ್ ಅಕ್ಕಪಕ್ಕದ ಪಿಕ್ಸೆಲ್ ನೋಡಿ ನಡುವೆ ಹೊಸ ಪಿಕ್ಸೆಲ್ ಊಹಿಸಿ ತುಂಬುತ್ತದೆ. ಮಜ್ಜಿಗೆಗೆ ನೀರು ಬೆರೆಸಿದಂತೆ; ಲೋಟ ತುಂಬುತ್ತದೆ ಅಷ್ಟೆ.

ಈ 72 ಬಂದದ್ದೆಲ್ಲಿಂದ? 1984ರ ಮ್ಯಾಕಿಂಟಾಷ್‌ನಿಂದ. ಅದರ ಪರದೆ 512 × 342 ಪಿಕ್ಸೆಲ್, ಇಂಚಿಗೆ 72. ಅಚ್ಚಿನ ಲೆಕ್ಕದಲ್ಲಿ ಒಂದು ಇಂಚಿಗೆ ಸುಮಾರು 72 ಪಾಯಿಂಟ್. ಪುಟವನ್ನು ಪ್ರಿಂಟರಿಗೆ ವಿವರಿಸುವ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆ ಅದನ್ನು ಸರಿಯಾಗಿ 72 ಎಂದೇ ಗೊತ್ತುಮಾಡಿತು. ಹೀಗೆ ಪರದೆಯ ಒಂದು ಪಿಕ್ಸೆಲ್ ಹಾಳೆಯ ಒಂದು ಪಾಯಿಂಟ್ ಆಯಿತು, 12 ಪಾಯಿಂಟ್ ಅಕ್ಷರ ಪರದೆಯಲ್ಲೂ ಕಾಗದದಲ್ಲೂ ಒಂದೇ ಅಳತೆಗೆ ಕಂಡಿತು. ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಅದು. ಫೋಟೊ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವ ಕೆಲಸ ಅದಕ್ಕೆ ಯಾವತ್ತೂ ಇರಲಿಲ್ಲ. ಇಂದಿನ ಪರದೆಗಳಲ್ಲಿ ಹೆಚ್ಚಿನವು 72 ಅಲ್ಲ. ಸಂಖ್ಯೆ ಮಾತ್ರ ಗೋತ್ರದ ಹೆಸರಿನಂತೆ ಕಡತಗಳ ಜೊತೆ ಬರುತ್ತಲೇ ಇದೆ.

300ರ ಕತೆ ಇನ್ನೂ ಸ್ವಾರಸ್ಯ, ಏಕೆಂದರೆ 300 ಎರಡಿವೆ. ಮೊದಲನೆಯದು 1985ರಲ್ಲಿ ಬಂದ ಆ್ಯಪಲ್ ಲೇಸರ್‌ರೈಟರ್ ಪ್ರಿಂಟರಿನದು. ಅದು ಇಂಚಿಗೆ 300 ಚುಕ್ಕಿ ಹಾಕುತ್ತಿತ್ತು. ಶುದ್ಧ ಡಿಪಿಐ, ಯಂತ್ರದ ಚುಕ್ಕಿ. ಎರಡನೆಯ 300 ಫೋಟೊದ್ದು, ಅದು ಹುಟ್ಟಿದ್ದು ಬೇರೆ ಮನೆಯಲ್ಲಿ: 150 ಎಲ್‌ಪಿಐ ಗುಣಿಸು 2. ಎರಡು ಲೆಕ್ಕಕ್ಕೂ ಉತ್ತರ ಕಾಕತಾಳೀಯವಾಗಿ ಒಂದೇ ಬಂತು, ಜನ ಎರಡನ್ನೂ ಒಂದೇ ಎಂದುಕೊಂಡರು.

ಎಲ್‌ಪಿಐಯಲ್ಲಿ ಚುಕ್ಕಿ ಹೋಗಿ ಸಾಲು ಬಂದದ್ದಕ್ಕೂ ಕಾರಣ ಇದೆ. 1890ರ ದಶಕದಲ್ಲಿ ಫಿಲಡೆಲ್ಫಿಯಾದ ಲೆವಿ ಸಹೋದರರು ಎರಡು ಗಾಜಿನ ಹಲಗೆಗಳ ಮೇಲೆ ಸಮಾನ ಅಂತರದಲ್ಲಿ ಗೆರೆ ಕೊರೆದು, ಒಂದರ ಮೇಲೊಂದನ್ನು ಅಡ್ಡಡ್ಡ ಅಂಟಿಸಿ ಸ್ಕ್ರೀನ್ ಮಾಡುತ್ತಿದ್ದರು. ಆ ಜಾಲಿಯ ಮೂಲಕ ಫೋಟೊ ತೆಗೆದರೆ ಅದು ಚುಕ್ಕಿಗಳಾಗಿ ಒಡೆಯುತ್ತಿತ್ತು. ಎಣಿಸುತ್ತಿದ್ದುದು ಗಾಜಿನ ಗೆರೆಗಳನ್ನು. ಮೊಳೆ ಜೋಡಿಸುವ ಕಾಲದ ನಮ್ಮ ಪ್ರೆಸ್ಸಿನವರು ಬ್ಲಾಕ್ ಮಾಡಿಸುವಾಗ "ಎಷ್ಟು ಸ್ಕ್ರೀನು, 65ಓ 85ಓ?" ಎಂದು ಕೇಳುತ್ತಿದ್ದರಲ್ಲ, ಅದು ಇದೇ. ಗಾಜು ಹೋಯಿತು, ಫಿಲ್ಮೂ ಹೋಯಿತು, ಈಗ ರಿಪ್ ಎಂಬ ಸಾಫ್ಟ್‌ವೇರ್ ಲೆಕ್ಕ ಹಾಕಿ ಚುಕ್ಕಿ ಕಟ್ಟುತ್ತದೆ. ಪ್ರಶ್ನೆ ಮಾತ್ರ ಹಳೆಯದೇ, ಮತ್ತು ಅದನ್ನು ಕೇಳಬೇಕಾದ್ದು ಎಲ್ಲಕ್ಕಿಂತ ಮೊದಲು. ನ್ಯೂಸ್‌ಪ್ರಿಂಟಿಗೆ 85ರಿಂದ 100, ಪುಸ್ತಕಕ್ಕೆ ಬಳಸುವ ಮ್ಯಾಪ್‌ಲಿಥೋ ಕಾಗದಕ್ಕೆ 133ರ ಆಸುಪಾಸು, ಆರ್ಟ್ ಪೇಪರಿಗೆ 150 ಅಥವಾ 175. ನ್ಯೂಸ್‌ಪ್ರಿಂಟಿನಲ್ಲಿ 175 ಇಟ್ಟರೆ ಕಾಗದ ಶಾಯಿ ಹೀರಿ ಚುಕ್ಕಿಗಳು ಊದಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಖದ ನೆರಳೆಲ್ಲ ಕಪ್ಪು ಗಂಟಾಗುತ್ತದೆ.

ಎಲ್‌ಪಿಐಯನ್ನು 2ರಿಂದ ಗುಣಿಸುವುದು ಯಾಕೆ? ಒಂದು ಹಾಫ್‌ಟೋನ್ ಚುಕ್ಕಿಗೆ ಒಂದು ಪಿಕ್ಸೆಲ್ ಸಾಲುವುದಿಲ್ಲ, ಏಕೆಂದರೆ ಸ್ಕ್ರೀನ್ ಓರೆಯಾಗಿ ಕೂತಿರುತ್ತದೆ. ಕಪ್ಪು 45 ಡಿಗ್ರಿಯಲ್ಲಿ, ಸಯಾನ್ (ತಿಳಿನೀಲಿ) 15ರಲ್ಲಿ, ಮಜೆಂಟಾ (ಗುಲಾಬಿ ಕೆಂಪು) 75ರಲ್ಲಿ. 45 ಡಿಗ್ರಿಯ ಓರೆಗೆ ಚೌಕದ ಕರ್ಣದ ಲೆಕ್ಕ, 1.41 ಪಟ್ಟು ಬೇಕು. ಅದನ್ನೇ ಸುತ್ತಿ 1.5 ಎನ್ನುತ್ತಾರೆ, ಅದು ಕನಿಷ್ಠ. 2 ಎಂದರೆ ಧಾರಾಳ. ಅಂದರೆ ದಿನಪತ್ರಿಕೆಯ 100 ಎಲ್‌ಪಿಐಗೆ 150ರಿಂದ 200 ಪಿಪಿಐ ಸಾಕೇ ಸಾಕು. ಅಲ್ಲೂ 300 ಬೇಕೆಂದು ಹಟ ಹಿಡಿಯುವುದು ವ್ಯರ್ಥ. 600, 1200 ಎಂದು ಕಳಿಸುವ ಉದಾರಿಗಳದ್ದಂತೂ ಶುದ್ಧ ದಂಡ. ಪುಟ ಕಟ್ಟುವ ಸಾಫ್ಟ್‌ವೇರ್ ಇನ್‌ಡಿಸೈನ್‌ನ ಪ್ರೆಸ್ ಕ್ವಾಲಿಟಿ ಪಿಡಿಎಫ್ 450 ಪಿಪಿಐ ಮೀರಿದ ಬಣ್ಣದ ಚಿತ್ರವನ್ನು ತಾನೇ 300ಕ್ಕೆ ಇಳಿಸುತ್ತದೆ. ಅದರ ಪಕ್ಕದಲ್ಲೇ ಸ್ಮಾಲೆಸ್ಟ್ ಫೈಲ್ ಸೈಜ್ ಎಂಬ ಆಯ್ಕೆ ಇದೆ. ಅದು ಚಿತ್ರಗಳನ್ನು 100ಕ್ಕೆ ಇಳಿಸುತ್ತದೆ. ವಾಟ್ಸಾಪಿನಲ್ಲಿ ಬೇಗ ಹೋಗಲಿ ಎಂದು ಅದನ್ನು ಆರಿಸಿ ಪ್ರೆಸ್ಸಿಗೆ ಕಳಿಸಿದ ಪುಸ್ತಕಗಳು ಕಡಿಮೆಯೇನಿಲ್ಲ.

ಈಗ ನಿಜವಾದ ಡಿಪಿಐಗೆ ಬರೋಣ. ಪ್ಲೇಟ್ ಹೊಡೆಯುವ ಸಿಟಿಪಿ (ಕಂಪ್ಯೂಟರ್ ಟು ಪ್ಲೇಟ್) ಯಂತ್ರದ ಮೇಲೆ 2400 ಅಥವಾ 2540 ಎಂದು ಇರುತ್ತದೆ. 2540 ನೋಡಿ ತಬ್ಬಿಬ್ಬಾಗಬೇಕಿಲ್ಲ, 25.4ರಿಂದ ಭಾಗಿಸಿ: ಮಿಲಿಮೀಟರಿಗೆ 100 ಚುಕ್ಕಿ, ಒಂದೊಂದು 10 ಮೈಕ್ರಾನ್. ಇಷ್ಟು ಸಣ್ಣ ಚುಕ್ಕಿ ಯಾಕೆಂದರೆ ಲೇಸರಿಗೆ ಗೊತ್ತಿರುವುದು ಎರಡೇ, ಹೊಡೆ ಅಥವಾ ಬಿಡು. ನಸು ಬೂದು ಅದಕ್ಕೆ ಗೊತ್ತಿಲ್ಲ. 2400ನ್ನು 150ರಿಂದ ಭಾಗಿಸಿದರೆ 16. ಅಂದರೆ ಒಂದು ಹಾಫ್‌ಟೋನ್ ಚುಕ್ಕಿಗೆ 16ಕ್ಕೆ 16ರ ಮನೆ. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. 256 ಚುಕ್ಕಿಗಳಲ್ಲಿ ಎಷ್ಟು ತುಂಬಿದೆ ಎಂಬುದರ ಮೇಲೆ ಬಣ್ಣದ ಗಾಢತೆ. ಖಾಲಿ ಬಿಟ್ಟದ್ದೂ ಸೇರಿ 257 ಹಂತ. ಎ4 ಪುಟಕ್ಕೆ 300 ಪಿಪಿಐಯಲ್ಲಿ 87 ಲಕ್ಷ ಪಿಕ್ಸೆಲ್ ಆದರೆ, ಅದೇ ಪುಟದ ಒಂದು ಬಣ್ಣದ ಪ್ಲೇಟಿಗೆ 2400 ಡಿಪಿಐಯಲ್ಲಿ ಸುಮಾರು 55.7 ಕೋಟಿ ಚುಕ್ಕಿ. ಇಷ್ಟನ್ನು ಕಟ್ಟುವುದೇ ರಿಪ್‌ನ ಕೆಲಸ. ಫೋಟೊ ಕಳಿಸುವವರು ಅದಕ್ಕೆ ಕೈ ಹಾಕಬೇಕಿಲ್ಲ.

ಮಿನಿ ಆಫ್‌ಸೆಟ್ ಎಂಬ ಸಣ್ಣ ಅಚ್ಚಿನ ಯಂತ್ರ ಇಟ್ಟುಕೊಂಡು ಲೇಸರ್ ಪ್ರಿಂಟರಿನಿಂದ ಟ್ರೇಸಿಂಗ್ ಹಾಳೆಯ ಮೇಲೆ ಔಟ್‌ಪುಟ್ ತೆಗೆದು ಪ್ಲೇಟ್ ಮಾಡುವಲ್ಲಿ ಈ ಭಾಗಾಕಾರ ಕಣ್ಣಿಗೆ ರಾಚುತ್ತದೆ. ಪ್ರಿಂಟರು 600 ಡಿಪಿಐ. ಸ್ಕ್ರೀನ್ 150 ಇಟ್ಟರೆ 4ಕ್ಕೆ 4ರ ಮನೆ, ಬರೀ 17 ಹಂತ. ವಧೂವರರ ಕೆನ್ನೆಯ ಮೇಲೆ ನಕಾಶೆಯ ಗೆರೆಗಳು ಏಳುತ್ತವೆ. "ಫೋಟೊ 300 ಇತ್ತಲ್ಲ" ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಸ್ಕ್ರೀನನ್ನು 75ಕ್ಕೆ ಇಳಿಸಿ, 8ಕ್ಕೆ 8ರ ಮನೆ, 65 ಹಂತ ಸಿಗುತ್ತದೆ. ಚುಕ್ಕಿ ಸ್ವಲ್ಪ ದಪ್ಪ ಕಂಡೀತು, ಕೆನ್ನೆ ನಯವಾಗುತ್ತದೆ.

300 ಎಂಬ ಮಂತ್ರದಿಂದ ನಿಜಕ್ಕೂ ಕೆಟ್ಟಿರುವುದು ಫೋಟೊ ಅಲ್ಲ, ಕನ್ನಡ ಅಕ್ಷರ. ನುಡಿ, ಶ್ರೀಲಿಪಿಯಂಥ ಕನ್ನಡ ಸಾಫ್ಟ್‌ವೇರಿನಲ್ಲಿ ಕೂರಿಸಿದ ಪುಟ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದೆ ಚೆಲ್ಲಾಪಿಲ್ಲಿಯಾಗುತ್ತದೆ ಎಂಬ ಭಯಕ್ಕೆ ಇಡೀ ಪುಟವನ್ನೇ "300 ಡಿಪಿಐ ಜೆಪಿಇಜಿ" ಮಾಡಿ ಕಳಿಸುವ ರೂಢಿ ಇದೆ. 8 ಪಾಯಿಂಟ್ ಅಕ್ಷರದಲ್ಲಿ ಒತ್ತಕ್ಷರದ ಎತ್ತರ ಒಂದು ಮಿಲಿಮೀಟರಿನಷ್ಟು. 300 ಪಿಪಿಐಯಲ್ಲಿ ಅದಕ್ಕೆ ಸಿಗುವುದು 12 ಪಿಕ್ಸೆಲ್. ಆ ಹನ್ನೆರಡರಲ್ಲೇ "ಸ್ತ್ರೀ"ಯ ತ, ರ ಎರಡೂ ಕೂರಬೇಕು. ಅದೇ ಅಕ್ಷರ ಫಾಂಟ್ ಆಗಿಯೇ ರಿಪ್‌ಗೆ ಹೋಗಿದ್ದರೆ 2400 ಡಿಪಿಐಯಲ್ಲಿ 94 ಚುಕ್ಕಿ ಸಿಗುತ್ತಿತ್ತು. ಜೊತೆಗೆ ಜೆಪಿಇಜಿಯ ಅಂಚಿನ ಬೂದು ಪಿಕ್ಸೆಲ್‌ಗಳನ್ನು ರಿಪ್ ಹಾಫ್‌ಟೋನ್ ಮಾಡುತ್ತದೆ, ಅಕ್ಷರದ ಅಂಚು ಗರಗಸವಾಗುತ್ತದೆ. ಪುಟ ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕದಲ್ಲಿದ್ದರೆ ಇನ್ನೂ ಚೆಂದ: ಫೋಟೊಶಾಪಿನ ಹಳೆಯ ಡೀಫಾಲ್ಟ್ ಸ್ವಾಪ್ ಎಂಬ ಮುದ್ರಣದ ಬಣ್ಣದ ಪ್ರೊಫೈಲಿನಲ್ಲಿ ಅಪ್ಪಟ ಕಪ್ಪು ಶೇಕಡಾ ಲೆಕ್ಕದಲ್ಲಿ ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಎಂದು ನಾಲ್ಕು ಪ್ಲೇಟಿಗೆ ಹಂಚಿಹೋಗುತ್ತದೆ. ರಿಜಿಸ್ಟರ್, ಅಂದರೆ ಪ್ಲೇಟುಗಳ ಹೊಂದಾಣಿಕೆ, ಕೂದಲೆಳೆ ತಪ್ಪಿದರೂ ಸಾಕು, ಅರ್ಕಾವತ್ತಿಗೆ ಕೆಂಪು ನೆರಳು.

ಮಾಡಬೇಕಾದ್ದು ಇಷ್ಟೆ. ಫಾಂಟ್ ಎಂಬೆಡ್ ಮಾಡಿದ, ಅಂದರೆ ಒಳಗೇ ಸೇರಿಸಿದ, ಪಿಡಿಎಫ್ ಕೊಡಿ. ಕೋರೆಲ್‌ಡ್ರಾದಲ್ಲಿದ್ದರೆ ಒಂದು ಪ್ರತಿ ಉಳಿಸಿಕೊಂಡು, ಅಕ್ಷರಗಳನ್ನು ಆರಿಸಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿ, ಫಾಂಟ್ ಬೇಡದ ಬರೀ ಆಕಾರಗಳಾಗುತ್ತವೆ. ಕಪ್ಪು ಅಕ್ಷರಕ್ಕೆ ಕೆ, ಅಂದರೆ ಕಪ್ಪು ಶಾಯಿ, ಒಂದೇ ಶೇಕಡಾ 100. ಸಹಿ, ಮೊಹರು, ಹಳೆಯ ಪುಸ್ತಕದ ಗೆರೆಚಿತ್ರ ಇವನ್ನು ಬಿಟ್‌ಮ್ಯಾಪ್ ಮೋಡಿನಲ್ಲಿ, ಅಂದರೆ ಬೂದು ಇಲ್ಲದ ಬರೀ ಕಪ್ಪು ಬಿಳುಪಿನಲ್ಲಿ, 1200 ಪಿಪಿಐಗೆ ಸ್ಕ್ಯಾನ್ ಮಾಡಿ. ಇಲ್ಲಿ ಹಾಫ್‌ಟೋನ್ ಇಲ್ಲ, ಆದ್ದರಿಂದ 300ರ ಲೆಕ್ಕವೂ ಇಲ್ಲ.

ಕೋರೆಲ್‌ಡ್ರಾದ ಹೆಸರು ಬಂದದ್ದರಿಂದ ಒಂದು ಮಾತು. ಬಿಟ್‌ಮ್ಯಾಪ್ ಚಿತ್ರ (ಇಲ್ಲಿ ಪಿಕ್ಸೆಲ್‌ಗಳಿಂದಾದ ಯಾವುದೇ ಚಿತ್ರ) ಆರಿಸಿದಾಗ ಕೆಳಗಿನ ಪಟ್ಟಿಯಲ್ಲಿ ಅದು ತೋರಿಸುವ ಸಂಖ್ಯೆ ಸರಿಯಾದದ್ದು, ಚಿತ್ರವನ್ನು ಎಳೆದು ದೊಡ್ಡದು ಮಾಡಿದರೆ ಸಂಖ್ಯೆ ಇಳಿಯುತ್ತದೆ. ಆದರೆ ಪಕ್ಕದಲ್ಲಿ ಡಿಪಿಐ ಎಂದು ಬರೆದಿರುತ್ತದೆ. ನಮ್ಮಲ್ಲಿ ಈ ಪದ ಬೇರೂರಿದ್ದರಲ್ಲಿ ಆ ಪಟ್ಟಿಯ ಪಾಲು ಸಣ್ಣದಲ್ಲ. ಇನ್‌ಡಿಸೈನ್ ಪ್ರಾಮಾಣಿಕ: ಲಿಂಕ್ಸ್ ಪ್ಯಾನೆಲ್ಲಿನಲ್ಲಿ ಆ್ಯಕ್ಚುವಲ್ ಪಿಪಿಐ (ಕಡತದಲ್ಲಿ ಬರೆದದ್ದು) ಬೇರೆ, ಎಫೆಕ್ಟಿವ್ ಪಿಪಿಐ (ಪುಟದಲ್ಲಿಟ್ಟ ಅಳತೆಗೆ ಸಿಗುವುದು) ಬೇರೆ. ನೋಡಬೇಕಾದ್ದು ಎರಡನೆಯದನ್ನು. ಗುಂಪು ಫೋಟೊದಿಂದ ಒಬ್ಬರ ಮುಖ ಕತ್ತರಿಸಿದರೆ ಸಿಗುವುದು 200 ಪಿಕ್ಸೆಲ್ ಅಗಲ ಎಂದಿಟ್ಟುಕೊಳ್ಳಿ. ಒಂದೂವರೆ ಇಂಚಿಗೆ ಹಿಗ್ಗಿಸಿದಾಗ 133 ಪಿಪಿಐ. ಕಡತದ ಮೇಲೆ ಏನೇ ಬರೆದಿರಲಿ.

ಫ್ಲೆಕ್ಸಿನವರು "ನಮಗೆ 72 ಸಾಕು" ಎನ್ನುತ್ತಾರೆ, ಅದೂ ಬರೀ ಅಭ್ಯಾಸ. ಹತ್ತು ಮೀಟರ್ ದೂರದಿಂದ ನೋಡುವ ಕಣ್ಣಿಗೆ ಸುಮಾರು 3 ಮಿಲಿಮೀಟರಿಗಿಂತ ಸಣ್ಣ ಚುಕ್ಕಿ ಬಿಡಿಯಾಗಿ ಕಾಣುವುದಿಲ್ಲ. ಲೆಕ್ಕಕ್ಕೆ 9 ಪಿಪಿಐ ಆದರೂ ನಡೆದೀತು. ಮದುವೆ ಮಂಟಪದ ಬಾಗಿಲಲ್ಲಿ ಜನ ನಿಂತು ಸೆಲ್ಫಿ ತೆಗೆದುಕೊಳ್ಳುವ ಫ್ಲೆಕ್ಸಿಗೆ 72 ಕಡಿಮೆಯೇ ಆಗಬಹುದು. ಇಂಕ್‌ಜೆಟ್ ಯಂತ್ರದ ಮೇಲಿನ 1440 ಡಿಪಿಐ ಶಾಯಿ ಹನಿಯ ಲೆಕ್ಕ, ಅದನ್ನು ನೋಡಿ 1440 ಪಿಪಿಐ ಫೋಟೊ ಮಾಡಲು ಹೊರಡಬೇಡಿ.

ವಾಟ್ಸಾಪ್ ಫೋಟೊ ಎಂದರೆ ಮೂಗು ಮುರಿಯುವುದೂ ಅಷ್ಟು ಸರಿಯಲ್ಲ. ಸಾಮಾನ್ಯವಾಗಿ ಉದ್ದದ ಬದಿ 1600 ಪಿಕ್ಸೆಲ್ ಉಳಿದಿರುತ್ತದೆ. 300 ಪಿಪಿಐಯಲ್ಲಿ ಐದು ಇಂಚಿಗೂ ಮಿಕ್ಕಿ, ಸಾಮಾನ್ಯ ಪುಸ್ತಕದ ಅಳತೆಯಾದ ಡೆಮಿ 1/8 ಪುಟದ ಅಗಲಕ್ಕೆ ಹೆಚ್ಚುಕಡಿಮೆ ಸಾಕು. ಅಲ್ಲಿ ಕೆಡುವುದು ಪಿಕ್ಸೆಲ್ ಎಣಿಕೆಗಿಂತ ಜೆಪಿಇಜಿಯ ಹಿಂಡುವಿಕೆ, ಕೂದಲೂ ಸೀರೆಯ ಜರಿಯೂ ಚೌಕಚೌಕವಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಆ ತೊಂದರೆ ಇಲ್ಲ. ಎಐ ಬಳಸಿ ಹಿಗ್ಗಿಸುವ ಸಲಕರಣೆಗಳು ಈಗ ಬೇಕಾದಷ್ಟಿವೆ, ಗೋಡೆ, ಆಕಾಶ, ಮರದ ಮಟ್ಟಿಗೆ ಒಳ್ಳೆಯ ಕೆಲಸವನ್ನೇ ಮಾಡುತ್ತವೆ. ಫೋಟೊದಲ್ಲಿ ಕನ್ನಡದ ಬೋರ್ಡೋ ಶಾಸನವೋ ಇದ್ದರೆ ಹತ್ತಿರ ಬಿಡಬೇಡಿ. ಮಸುಕು ಅಕ್ಷರವನ್ನು ಊಹಿಸಲು ಹೋಗಿ ಯಾವ ಲಿಪಿಗೂ ಸೇರದ ಸುರುಳಿ ಬರೆದಿಡುತ್ತವೆ, ಅದೂ ಬಹಳ ಸ್ಪಷ್ಟವಾಗಿ.

ಉಳಿದದ್ದು ಸ್ಕ್ಯಾನರ್. ಅದರ ಡಬ್ಬದ ಮೇಲಿನ ಡಿಪಿಐ ಕೂಡ ಇಂಚಿಗೆ ಎಷ್ಟು ಸಲ ಇಣುಕಿತು ಎಂಬ ಲೆಕ್ಕ. ಆಪ್ಟಿಕಲ್ ಎಂದು ಬರೆದ ಸಂಖ್ಯೆಯನ್ನಷ್ಟೇ ನಂಬಿ, ಇಂಟರ್‌ಪೊಲೇಟೆಡ್ ಎಂಬುದು ಮತ್ತದೇ ಮಜ್ಜಿಗೆ. ಎಷ್ಟಕ್ಕೆ ಇಡಬೇಕು ಎಂದರೆ, ಬೇಕಾದ ಪಿಪಿಐಯನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತೀರೋ ಅದರಿಂದ ಗುಣಿಸಿ: 2 × 3 ಇಂಚಿನ ಅಜ್ಜನ ಫೋಟೊ 4 × 6 ಆಗಬೇಕಿದ್ದರೆ 600. ಹಳೆಯ ಪತ್ರಿಕೆಯಲ್ಲಿ ಅಚ್ಚಾದ ಚಿತ್ರವನ್ನೇ ಸ್ಕ್ಯಾನ್ ಮಾಡುವುದಾದರೆ ಅದರಲ್ಲಿ ಆಗಲೇ ಒಂದು ಹಾಫ್‌ಟೋನ್ ಕೂತಿದೆ. ಅದರ ಮೇಲೆ ರಿಪ್ ಇನ್ನೊಂದು ಹಾಕಿದರೆ ಎರಡು ಸೊಳ್ಳೆಪರದೆ ಒಂದರ ಮೇಲೊಂದು ಹಿಡಿದಂತೆ ಅಲೆಅಲೆ ಮಾದರಿ ಏಳುತ್ತದೆ, ಇದೇ ಮ್ವಾರೆ. 600ಕ್ಕೆ ಸ್ಕ್ಯಾನ್ ಮಾಡಿ, ಹಳೆಯ ಚುಕ್ಕಿ ಅಳಿಸುವ ಸ್ಕ್ಯಾನರಿನ ಡೀಸ್ಕ್ರೀನ್ ಆಯ್ಕೆ ಹಾಕಿ, ಆಮೇಲೆ 300ಕ್ಕೆ ಇಳಿಸಿ. ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ.