ನೆಪೋಲಿಯನ್ನನ ಮೈಮೇಲೆ ಜೇನುನೊಣ ಯಾಕೆ?

1804ರ ಡಿಸೆಂಬರ್ 2ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನಲ್ಲಿ ನೆಪೋಲಿಯನ್ ಚಕ್ರವರ್ತಿ ಪಟ್ಟಕ್ಕೇರಿದ. ಅವತ್ತು ಅವನು ಹೊದ್ದಿದ್ದ ಕೆಂಪು ಮಖಮಲ್ಲಿನ ನಿಲುವಂಗಿಯ ತುಂಬ ಚಿನ್ನದ ದಾರದಲ್ಲಿ ಜೇನುನೊಣಗಳ ಕಸೂತಿ ಇತ್ತು. ಅರ್ಧ ಯೂರೋಪನ್ನು ನಡುಗಿಸಿದವನಿಗೆ ಇಷ್ಟು ಚಿಕ್ಕ ಹುಳ ಯಾಕೆ ಬೇಕಾಯಿತು?

ಅವನು ರಾಜವಂಶದಲ್ಲಿ ಹುಟ್ಟಿದವನಲ್ಲ, ಕಾರ್ಸಿಕಾ ದ್ವೀಪದಿಂದ ಬಂದ ಸೇನಾಧಿಕಾರಿ. ಹಳೆಯ ಬೂರ್ಬೋನ್ ರಾಜರ ಗುರುತು ಲಿಲಿ ಹೂವು. ಅದನ್ನೇ ಎತ್ತಿಕೊಂಡರೆ, ಆ ರಾಜರನ್ನು ಕ್ರಾಂತಿ ಮಾಡಿ ಇಳಿಸಿದ್ದ ಜನ ಸುಮ್ನೆ ಇರುತ್ತಿದ್ದರಾ? ಹಾಗಂತ ಬೆನ್ನ ಹಿಂದೆ ಯಾವ ಇತಿಹಾಸವೂ ಇಲ್ಲದಿದ್ದರೆ ಉಳಿದ ದೇಶದ ದೊರೆಗಳು ಅವನನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಬೂರ್ಬೋನರಿಗಿಂತ ಹಳೆಯದು ಏನಾದರೂ ಬೇಕಿತ್ತು.

ಆ ವರ್ಷದ ಬೇಸಿಗೆಯಲ್ಲಿ ಅವನ ಸಲಹೆಗಾರರು ಲಾಂಛನದ ಬಗ್ಗೆ ಚರ್ಚೆಗೆ ಕೂತರು. ಹುಂಜ ಅಂದರು, ಅದರಲ್ಲಿ ಬಲವಿಲ್ಲ ಅಂತ ನೆಪೋಲಿಯನ್ ತಳ್ಳಿಹಾಕಿದ. ಸಿಂಹದ ಮಾತೂ ಬಂತು. ಕೊನೆಗೆ ಗೆದ್ದಿದ್ದು ಹದ್ದು, ಅದು ರೋಮನ್ ಸೈನ್ಯದ ಗುರುತು. ಪಟ್ಟವಾದ ಮೂರೇ ದಿನಕ್ಕೆ ಅವನು ತನ್ನ ಸೇನಾ ತುಕಡಿಗಳಿಗೆ ಕೋಲಿನ ತುದಿಗೆ ಕೂರಿಸಿದ, ಚಿನ್ನದ ಲೇಪದ ಕಂಚಿನ ಹದ್ದುಗಳನ್ನು ಹಂಚಿದ. ಸೈನಿಕರಿಗೆ ಬಾವುಟದ ಬಟ್ಟೆಗಿಂತ ಆ ಹದ್ದೇ ಜಾಸ್ತಿ.

ಆದರೆ ನನಗೆ ಹದ್ದಿಗಿಂತ ಜೇನುನೊಣದ ಕಥೆಯೇ ದೊಡ್ಡದು ಅನಿಸುತ್ತದೆ.

1653ರಲ್ಲಿ, ಈಗ ಬೆಲ್ಜಿಯಂನಲ್ಲಿರುವ ಟೂರ್ನೇ ಊರಿನಲ್ಲಿ ಕಟ್ಟಡ ಕೆಲಸಕ್ಕೆ ಅಗೆಯುವಾಗ ಒಂದು ಗೋರಿ ಸಿಕ್ಕಿತು. ಒಳಗಿದ್ದ ಮುದ್ರೆಯುಂಗುರದ ಮೇಲೆ ಹೆಸರೇ ಇತ್ತು, ರಾಜ ಶಿಲ್ಡೆರಿಕ್. 481ರ ಸುಮಾರಿಗೆ ಸತ್ತ ಫ್ರಾಂಕರ ದೊರೆ, ಆಮೇಲೆ ಫ್ರಾಂಕರನ್ನೆಲ್ಲ ಒಂದುಗೂಡಿಸಿದ ಕ್ಲೋವಿಸನ ಅಪ್ಪ. ಫ್ರಾನ್ಸಿಗೆ ಹೆಸರು ಬಂದದ್ದೇ ಈ ಫ್ರಾಂಕರಿಂದ. ಅವನ ಜೊತೆ ಸುಮಾರು 300 ಪುಟ್ಟ ಚಿನ್ನದ ಹುಳಗಳಿದ್ದವು, ಒಂದೊಂದೂ ಬೆರಳ ತುದಿಯ ಮೇಲೆ ಕೂರುವಷ್ಟು ಚಿಕ್ಕದು. ಮೈ ಚಿನ್ನದ್ದು, ರೆಕ್ಕೆಯ ಜಾಗದಲ್ಲಿ ಕೆಂಪು ಗಾರ್ನೆಟ್ ಕಲ್ಲು. ಇದನ್ನೆಲ್ಲ ಬರೆದಿಟ್ಟವನು ಶಿಫ್ಲೆ ಎಂಬ ವೈದ್ಯ. ಇವು ಜೇನುನೊಣಗಳೇ, ಲಿಲಿ ಹೂವಿನ ಗುರುತು ಹುಟ್ಟಿದ್ದೂ ಇವುಗಳಿಂದಲೇ ಅಂತ ಅವನು ವಾದಿಸಿದ. ನೆಪೋಲಿಯನ್ನನಿಗೆ ಇದಕ್ಕಿಂತ ಒಳ್ಳೆಯ ವಾದ ಬೇಕಾ? ಬೂರ್ಬೋನರ ಹೂವಿಗಿಂತ ಹಳೆಯ ಗುರುತು ಕೈಗೆ ಸಿಕ್ಕಿತ್ತು.

ನಿಜಕ್ಕೂ ಅವು ಜೇನುನೊಣಗಳಾ? ಇವತ್ತಿಗೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೈಗೆ ಅಂಟಿಕೊಂಡು ಹಿಂದಕ್ಕೆ ಮಡಚಿದ ರೆಕ್ಕೆ ನೋಡಿದರೆ, ಬೇಸಿಗೆಯಲ್ಲಿ ಮರದ ಮೇಲೆ ಕೂತು ಕಿರ್ರ್ ಅನ್ನುವ ಸಿಕಾಡದ ಹಾಗೂ ಕಾಣುತ್ತದೆ. ಆ ಕಾಲದಲ್ಲಿ ಡ್ಯಾನ್ಯೂಬ್ ನದಿಯ ಕಡೆಯ ಜನ ಸಿಕಾಡದ ಆಕಾರದ ಪಿನ್ನುಗಳನ್ನು ತೊಡುತ್ತಿದ್ದದ್ದು ನಿಜ.

ಇನ್ನು ಆ ಕೆಂಪು ಕಲ್ಲು. ಶಿಲ್ಡೆರಿಕನ ಕಾಲದ ಫ್ರಾಂಕರ ಆಭರಣಗಳಲ್ಲಿರುವ ಗಾರ್ನೆಟ್‌ಗಳನ್ನು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನ ನೆಲಮಾಳಿಗೆಯಲ್ಲಿರುವ ಕಣವೇಗವರ್ಧಕದಲ್ಲಿ, ಅಂದರೆ ಪರಮಾಣುವಿನೊಳಗಿನ ಕಣಗಳನ್ನು ಭಾರೀ ವೇಗಕ್ಕೆ ಏರಿಸುವ ಯಂತ್ರದಲ್ಲಿ, ಪರೀಕ್ಷಿಸಿದ್ದಾರೆ. ಕಲ್ಲನ್ನು ಒಡೆಯಬೇಕಿಲ್ಲ, ಪುಡಿ ಮಾಡಬೇಕಿಲ್ಲ. ಪ್ರೋಟಾನ್‌ಗಳನ್ನು ಹಾಯಿಸಿದರೆ ಕಲ್ಲಿನೊಳಗಿನ ಒಂದೊಂದು ಧಾತುವೂ ತನ್ನದೇ ಆದ ಎಕ್ಸ್-ಕಿರಣ ಹೊರಸೂಸುತ್ತದೆ. ಕಬ್ಬಿಣ, ಮೆಗ್ನೀಷಿಯಂ, ಕ್ಯಾಲ್ಸಿಯಂ ಎಷ್ಟೆಷ್ಟಿದೆ, ಕ್ರೋಮಿಯಂ ಎಷ್ಟು ಚೂರಿದೆ ಅನ್ನುವುದರ ಮೇಲೆ ಕಲ್ಲು ಯಾವ ನೆಲದ್ದು ಅಂತ ಊಹಿಸಬಹುದು. ಅಂಥ ಎಷ್ಟೋ ಕಲ್ಲುಗಳ ಲೆಕ್ಕ ಭಾರತ ಮತ್ತು ಶ್ರೀಲಂಕಾದ ಗಾರ್ನೆಟ್‌ಗೆ ತಾಳೆಯಾಗುತ್ತದೆ. ರೋಮ್ ಸಾಮ್ರಾಜ್ಯ ಕುಸಿಯುತ್ತಿದ್ದ ಕಾಲದಲ್ಲೂ ಇಷ್ಟು ದೂರದ ವ್ಯಾಪಾರ ನಿಂತಿರಲಿಲ್ಲ ಅನ್ನುವುದು ನನಗೆ ತುಂಬ ದೊಡ್ಡ ವಿಷಯ.

ನೆಪೋಲಿಯನ್ನನ ಸಲಹೆಗಾರರಲ್ಲಿ ಒಬ್ಬನಾದ ಕಾಂಬಸೆರೆಸ್‌ಗೆ ಜೇನುನೊಣ ಇಷ್ಟವಾಗಿದ್ದಕ್ಕೆ ಬೇರೆ ಕಾರಣ. ಜೇನುಗೂಡು ಅಂದರೆ ಒಬ್ಬ ಮುಖ್ಯಸ್ಥನಿರುವ ಗಣರಾಜ್ಯ ಅಂತ ಅವನ ಲೆಕ್ಕ. ಗೂಡಿನ ದೊಡ್ಡ ನೊಣದ ಹೊಟ್ಟೆಯಲ್ಲಿ ಅಂಡಾಶಯ ಇದೆ, ಅದು ರಾಜನಲ್ಲ, ತಾಯಿ ಅಂತ ಡಚ್ ವಿಜ್ಞಾನಿ ಸ್ವಾಮರ್ಡಾಮ್ 17ನೇ ಶತಮಾನದಲ್ಲೇ ಕೊಯ್ದು ನೋಡಿ ತಿಳಿದಿದ್ದ. ಆ ತಾಯಿ ಆಜ್ಞೆ ಹೊರಡಿಸುವುದಿಲ್ಲ ಅಂತ ಈಗ ಗೊತ್ತು. ಹೊಸ ಗೂಡಿಗೆ ಜಾಗ ಆರಿಸುವುದು ಕೆಲಸಗಾರ ನೊಣಗಳೇ, ಅದೂ ಕುಣಿದು ಕುಣಿದು ಒಬ್ಬರನ್ನೊಬ್ಬರು ಒಪ್ಪಿಸಿ.

1814ರಲ್ಲಿ ಪಟ್ಟ ಕಳೆದುಕೊಂಡು ಎಲ್ಬಾ ದ್ವೀಪಕ್ಕೆ ಹೋದಾಗಲೂ ನೆಪೋಲಿಯನ್ ಜೇನುನೊಣ ಬಿಡಲಿಲ್ಲ. ಅಲ್ಲಿನ ಬಾವುಟದ ಕೆಂಪು ಪಟ್ಟಿಯ ಮೇಲೆ ಮೂರನ್ನು ಕೂರಿಸಿದ. ಗೋರಿಯ ಹುಳಗಳಿಗೆ ಮಾತ್ರ ಒಳ್ಳೆಯ ಗತಿ ಬರಲಿಲ್ಲ. 1831ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಗ್ರಂಥಾಲಯಕ್ಕೆ ಕಳ್ಳರು ನುಗ್ಗಿ ನಿಧಿಯ ಬಹುಪಾಲನ್ನು ಕರಗಿಸಿಬಿಟ್ಟರು. ಸುಮಾರು 300ರಲ್ಲಿ ಉಳಿದದ್ದು ಎರಡೇ. ಕಳೆದುಹೋದವು ಹೇಗಿದ್ದವು ಅಂತ ತಿಳಿಯಬೇಕಾದರೆ ಶಿಫ್ಲೆ 1655ರಲ್ಲಿ ಅಚ್ಚು ಹಾಕಿಸಿದ ಚಿತ್ರಗಳನ್ನೇ ನೋಡಬೇಕು.