ಊಟಕ್ಕೇನು ಕಡಿಮೆ ಮಾಡಿದ್ದೀವಿ, ಡಾಕ್ಟ್ರೇ?

ತೂಕದ ವಿಷಯಕ್ಕೆ ಮಕ್ಕಳನ್ನು ನನ್ನ ಹತ್ತಿರ ಕರೆತರುವ ಅಪ್ಪ-ಅಮ್ಮ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. 'ಊಟಕ್ಕೆ, ಬಟ್ಟೆಗೆ ಏನೂ ಕಡಿಮೆ ಮಾಡಿಲ್ಲ.' ಅದು ಸುಳ್ಳಲ್ಲ. ಎಷ್ಟೋ ಸಲ ಅವರು ತಾವು ಉಪವಾಸ ಇದ್ದಾದರೂ ಮಗುವಿನ ಡಬ್ಬಿ ತುಂಬಿಸಿರುತ್ತಾರೆ. ಆಮೇಲೆ ನಾನು ಕೇಳುತ್ತೇನೆ, 'ಮಗು ಊಟ ಮಾಡುವಾಗ ಪಕ್ಕದಲ್ಲಿ ಯಾರಿರ್ತಾರೆ?' ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. 'ಮೊಬೈಲ್' ಅಂತ ಮಗುವೇ ಉತ್ತರ ಕೊಟ್ಟದ್ದೂ ಇದೆ.

ಮಕ್ಕಳ ನಿರ್ಲಕ್ಷ್ಯ ಅಂದ ಕೂಡಲೇ ಹರಿದ ಅಂಗಿ, ಒಣಗಿದ ಮುಖ ಕಣ್ಣಿಗೆ ಬರುತ್ತದೆ. ಅದು ಒಂದು ಬಗೆ. ಇನ್ನೊಂದು ಬಗೆಯಲ್ಲಿ ಮಗುವಿಗೆ ಎಲ್ಲಾ ಇರುತ್ತದೆ, ಅದನ್ನು ಗಮನಿಸುವವರು ಇರುವುದಿಲ್ಲ. ಅತ್ತರೆ ಕೇಳುವವರಿಲ್ಲ, ನಕ್ಕರೆ ನೋಡುವವರಿಲ್ಲ. ಈ ಎರಡನೆಯದು ಮೈಮೇಲೆ ಗಾಯ ಮಾಡುವುದಿಲ್ಲ. ಹಾಗಾಗಿ ಸಂಶೋಧಕರ ಕಣ್ಣಿಗೂ ತಡವಾಗಿಯೇ ಬಿತ್ತು. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ 1990ರ ದಶಕದಲ್ಲಿ 17 ಸಾವಿರಕ್ಕೂ ಹೆಚ್ಚು ಜನರನ್ನು ಬಾಲ್ಯದ ಕಹಿ ಅನುಭವಗಳ ಬಗ್ಗೆ ಕೇಳಿದ ಹೆಸರಾಂತ ಅಧ್ಯಯನವೊಂದಿದೆ. ಅದರ ಮೊದಲ ಸುತ್ತಿನಲ್ಲಿ ನಿರ್ಲಕ್ಷ್ಯದ ಪ್ರಶ್ನೆಗಳೇ ಇರಲಿಲ್ಲ. ಎರಡನೇ ಸುತ್ತಿನಲ್ಲಿ ಸೇರಿಸಿದರು.

ಇದಕ್ಕೂ 'ನಾನು ದಪ್ಪ', 'ನಾನು ಸಣ್ಣ' ಅಂತ ಮಗುವಿಗೆ ಅನ್ನಿಸುವುದಕ್ಕೂ ಏನು ಸಂಬಂಧ?

ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಗುರುತು ಸಿಗದಂತೆ ಬದಲಿಸಿದ್ದೇನೆ, ಇಂಥ ಇನ್ನೂ ಕೆಲವರ ಮಾತೂ ಇದರಲ್ಲಿ ಸೇರಿದೆ. ವಯಸ್ಸು 12. ಎತ್ತರ 148 ಸೆಂ.ಮೀ., ತೂಕ 36 ಕೆ.ಜಿ. ಭಾರತೀಯ ಮಕ್ಕಳ ತಜ್ಞರ ಸಂಘದ 2015ರ ಬೆಳವಣಿಗೆ ಚಾರ್ಟ್‌ನಲ್ಲಿ ಗುರುತು ಹಾಕಿದರೆ ಯಾವ ತಕರಾರೂ ಇಲ್ಲದ ಜಾಗದಲ್ಲಿ ಬಂದು ಕೂರುತ್ತಾಳೆ. ಬೆಳಿಗ್ಗೆ ತಿಂಡಿ ಬಿಟ್ಟಿದ್ದಳು ಅಂತ ಶಾಲೆಯವರು ಕಳಿಸಿದ್ದರು.

ನಮ್ಮ ಹತ್ತಿರ ಒಂದು ಹಾಳೆ ಇರುತ್ತದೆ. ತೀರಾ ತೆಳ್ಳಗಿನಿಂದ ತೀರಾ ದಪ್ಪದವರೆಗೆ ಏಳು ಮಕ್ಕಳ ರೇಖಾಚಿತ್ರ. 'ಇದರಲ್ಲಿ ನೀನು ಯಾರು?' ಅಂತ ಕೇಳಿದೆ. ಆರನೆಯದರ ಮೇಲೆ ಬೆರಳಿಟ್ಟಳು. 'ಹೇಗಿರಬೇಕು ಅಂತ ಆಸೆ?' ಎರಡನೆಯದು. 'ಹಸಿವಾಗಿದೆ ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?' ಸ್ವಲ್ಪ ಹೊತ್ತು ಯೋಚಿಸಿದಳು. 'ನಾಲ್ಕೂವರೆ ಆದಾಗ.' ಶಾಲೆಯಿಂದ ಬಂದು, ಬೀಗ ತೆಗೆದು, ಅಮ್ಮ ಮುಚ್ಚಿಟ್ಟು ಹೋದ ತಟ್ಟೆ ತೆಗೆಯುವ ಹೊತ್ತು ಅದು. ಹೊಟ್ಟೆ ಚುರುಗುಟ್ಟುವುದು, ಸುಸ್ತಾಗುವುದು ಯಾವುದೂ ಅವಳ ಉತ್ತರದಲ್ಲಿ ಬರಲಿಲ್ಲ.

ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ, ಅಪ್ಪ ರಾತ್ರಿ ಕ್ಯಾಬ್ ಓಡಿಸುವುದಕ್ಕೆ. ಬೆಳಿಗ್ಗೆ ಮೂವರೂ ಒಟ್ಟಿಗೆ ಎದ್ದಿರುವ ಹೊತ್ತು ಹತ್ತು ನಿಮಿಷ ಇದ್ದರೆ ಹೆಚ್ಚು. ದಪ್ಪ ಅನ್ನುವ ಮಾತು ಎಲ್ಲಿಂದ ಬಂತು ಅಂತ ಹುಡುಕಿದರೆ ಒಂದು ಮದುವೆ ಮನೆ ಸಿಕ್ಕಿತು. ಅತ್ತೆಯೊಬ್ಬರು ಕೆನ್ನೆ ಹಿಂಡಿ 'ಡುಮ್ಮಿ ಆಗಿದೀಯಲ್ಲೇ' ಅಂದಿದ್ದರು. ವರ್ಷದ ಹಿಂದಿನ ಮಾತು. ಅತ್ತೆ ಉಟ್ಟಿದ್ದ ಸೀರೆಯ ಬಣ್ಣವೂ ಅವಳಿಗೆ ನೆನಪಿತ್ತು. ಆಮೇಲೆ ಮೆಲ್ಲಗೆ ಹೇಳಿದಳು, 'ತೆಳ್ಳಗಾದ್ರೆ ಅಮ್ಮಂಗೆ ಇಷ್ಟ ಆಗ್ತೀನಿ.'

ನಮ್ಮಲ್ಲಿ ಮೈ ಬಗ್ಗೆ ಮಾತಾಡದ ನೆಂಟರೇ ಇಲ್ಲ ಅಲ್ವಾ? 'ಯಾಕೋ ಸೊರಗಿದೀಯ, ನಿಮ್ಮಮ್ಮ ಊಟ ಹಾಕಲ್ವಾ?' 'ಕಡ್ಡಿ ಪೈಲ್ವಾನ್ ಬಂದ ನೋಡು.' ಎಲ್ಲ ಮಕ್ಕಳೂ ಇದನ್ನು ಕೇಳುತ್ತಾರೆ. ಬಹಳಷ್ಟು ಮಕ್ಕಳು ಎರಡು ದಿನ ಮುಖ ಊದಿಸಿಕೊಂಡು ಮರೆತೂ ಬಿಡುತ್ತಾರೆ. ಯಾಕೆಂದರೆ ಅವರ ಮೈಯನ್ನು ಬೇರೆಯವರೂ ನೋಡಿರುತ್ತಾರೆ. ಭಾನುವಾರ ಎಣ್ಣೆ ಹಚ್ಚುವ ಅಜ್ಜಿ ನೋಡಿರುತ್ತಾರೆ. 'ಈ ಲಂಗ ಹೋದ ಯುಗಾದಿಗೆ ಹೊಲಿಸಿದ್ದು, ಆಗಲೇ ಗಿಡ್ಡ ಆಯ್ತಾ?' ಅನ್ನುವ ಅಮ್ಮ ನೋಡಿರುತ್ತಾರೆ. ಇಂಥ ನೂರಾರು ಸಣ್ಣ ಮಾತುಗಳಿಂದಲೇ ಮಗು ತನ್ನ ಮೈಯ ಅಳತೆ ಕಲಿಯುವುದು. ಯಾರೂ ಹೀಗೆ ನೋಡದ ಮಗುವಿಗೆ ಅತ್ತೆಯ 'ಡುಮ್ಮಿ' ಒಂದೇ ಅಳತೆಪಟ್ಟಿ. ಅವಮಾನ ಆದರೂ ಸರಿ, ಯಾರೋ ನೋಡಿದರಲ್ಲ ಅಂತ ಅದನ್ನೇ ಹಿಡಿದುಕೊಳ್ಳುತ್ತದೆ.

ಇನ್ನೊಂದು ಕಾರಣವೂ ಇದೆ. ನನ್ನನ್ನು ಯಾಕೆ ಯಾರೂ ಗಮನಿಸುತ್ತಿಲ್ಲ ಅನ್ನುವುದಕ್ಕೆ ಮಗುವಿಗೆ ಏನಾದರೂ ಉತ್ತರ ಬೇಕು. ಅಮ್ಮನ ಶಿಫ್ಟು, ಮನೆಯ ಸಾಲ ಅದಕ್ಕೆ ಅರ್ಥವಾಗುವುದಿಲ್ಲ. ಮೈ ಕೈಗೆ ಸಿಗುವ ಕಾರಣ. ಅದನ್ನು ಸರಿ ಮಾಡಿದರೆ ಎಲ್ಲಾ ಸರಿಹೋಗುತ್ತದೆ ಅನ್ನಿಸುತ್ತದೆ.

ಹಸಿವಿನ ವಿಷಯ ಇನ್ನೂ ಹಿಂದಿನದು. ಕೂಸು ಅಳುತ್ತದೆ. ಹಾಲು ಬೇಕೋ, ನಿದ್ದೆಯೋ, ಬಟ್ಟೆ ಒದ್ದೆಯೋ ಅಂತ ಎತ್ತಿಕೊಂಡವರು ಕಂಡುಹಿಡಿಯುತ್ತಾರೆ. ಸರಿಯಾದ ಉತ್ತರ ಸಿಕ್ಕಿ ಸಿಕ್ಕಿಯೇ ಈ ಸಂಕಟ ಹಸಿವು, ಈ ಸಂಕಟ ಬೇಜಾರು ಅಂತ ಕೂಸಿಗೆ ಬೇರೆ ಬೇರೆಯಾಗುತ್ತದೆ. ಅಳುವಿಗೆ ಉತ್ತರವೇ ಸಿಗದಿದ್ದರೆ, ಇಲ್ಲವೇ ಎಲ್ಲ ಅಳುವಿಗೂ ಬಿಸ್ಕತ್ತೇ ಸಿಕ್ಕರೆ, ಇವು ಕಲಸಿಹೋಗುತ್ತವೆ. ಜರ್ಮನಿಯಿಂದ ಅಮೆರಿಕಕ್ಕೆ ಹೋದ ಮನೋವೈದ್ಯೆ ಹಿಲ್ಡೆ ಬ್ರೂಕ್ ಕಳೆದ ಶತಮಾನದ ಮಧ್ಯದಲ್ಲೇ ಇದನ್ನು ಹೇಳಿದ್ದರು. ತೀರಾ ದಪ್ಪಗಿನ ಮಕ್ಕಳನ್ನೂ, ಊಟ ಬಿಟ್ಟು ಮೂಳೆಯಾದ ಹುಡುಗಿಯರನ್ನೂ ನೋಡುತ್ತಿದ್ದ ಅವರಿಗೆ ಎರಡು ಕಡೆಯೂ ಇದೇ ಗೊಂದಲ ಕಂಡಿತ್ತು.

ಆದ್ದರಿಂದ ನಿರ್ಲಕ್ಷ್ಯ ಮಗುವನ್ನು ಒಂದೇ ದಿಕ್ಕಿಗೆ ತಳ್ಳುವುದಿಲ್ಲ. ಹಾಸ್ಟೆಲ್‌ನಿಂದ ಬಂದ 14ರ ಹುಡುಗನೊಬ್ಬ ನಿಜಕ್ಕೂ ಒಣಕಲಾಗಿದ್ದ. ಏಳರಲ್ಲಿ ನಡುವಿನ ಚಿತ್ರ ತೋರಿಸಿ 'ಇದೇ ನಾನು' ಅಂದ. ಗಬಗಬ ತಿನ್ನುತ್ತಿದ್ದ, ತಲೆದಿಂಬಿನ ಕೆಳಗೆ ಚಪಾತಿ ಮಡಚಿಡುತ್ತಿದ್ದ. ಚಿಕ್ಕಂದಿನಲ್ಲಿ ಅಪ್ಪ-ಅಮ್ಮ ಗುಳೆ ಹೋದಾಗ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಓಡಾಡಿದವನು. ಮುಂದಿನ ಊಟ ಖಾತ್ರಿ ಇಲ್ಲ ಅನ್ನುವುದನ್ನು ಚೆನ್ನಾಗಿ ಕಲಿತಿದ್ದ, ತನ್ನ ಮೈ ಹೇಗಿದೆ ಅನ್ನುವುದನ್ನು ಕಲಿತಿರಲಿಲ್ಲ. ಹುಡುಗರು ತಮ್ಮ ತೂಕವನ್ನು ಕಡಿಮೆ ಅಂದುಕೊಳ್ಳುವುದು, ಹುಡುಗಿಯರು ಜಾಸ್ತಿ ಅಂದುಕೊಳ್ಳುವುದು ಮಾಮೂಲಿ. ನಿರ್ಲಕ್ಷ್ಯ ಆ ಅಂತರವನ್ನು ಇನ್ನಷ್ಟು ದೊಡ್ಡದು ಮಾಡುವುದನ್ನು ನಾನು ಕೆಲಸದಲ್ಲಿ ನೋಡುತ್ತಿದ್ದೇನೆ.

ಗಮನ ಅನ್ನುವುದು ಮೈಗೇ ಹತ್ತುತ್ತದೆ ಅನ್ನುವುದಕ್ಕೆ ನಾನು ಅಪ್ಪ-ಅಮ್ಮಂದಿರಿಗೆ ಹೇಳುವ ಒಂದು ಹಳೆಯ ಸಂಗತಿ ಇದೆ. 1948, ಯುದ್ಧ ಮುಗಿದ ಜರ್ಮನಿ. ಬ್ರಿಟನ್ನಿನ ಆಹಾರ ವಿಜ್ಞಾನಿ ಎಲ್ಸಿ ವಿಡೋಸನ್ ಎರಡು ಅನಾಥಾಲಯಗಳ ಮಕ್ಕಳನ್ನು ಎರಡು ವಾರಕ್ಕೊಮ್ಮೆ ತೂಗುತ್ತಿದ್ದರು. ಒಂದೊಂದರಲ್ಲೂ ಸುಮಾರು 50 ಮಕ್ಕಳು. ಮೊದಲ ಆರು ತಿಂಗಳು ಎರಡೂ ಕಡೆ ಒಂದೇ ರೇಷನ್. ಆಮೇಲೆ ಒಂದು ಮನೆಯ ಮಕ್ಕಳಿಗೆ ಬೇಕಾದಷ್ಟು ಬ್ರೆಡ್ಡು, ಜಾಮ್, ಕಿತ್ತಳೆ ರಸ ಜಾಸ್ತಿ ಕೊಟ್ಟರು. ಆದರೆ ತೂಕ ಹೆಚ್ಚಾದದ್ದು ಜಾಸ್ತಿ ಕೊಡದ ಮನೆಯಲ್ಲಿ! ಕಾರಣ ಆಮೇಲೆ ಗೊತ್ತಾಯಿತು. ಸರಿಯಾಗಿ ಅದೇ ಹೊತ್ತಿಗೆ ಕಟುವಾದ ಮೇಲ್ವಿಚಾರಕಿಯೊಬ್ಬರು ಜಾಸ್ತಿ ಕೊಡದ ಮನೆಯಿಂದ ಜಾಸ್ತಿ ಕೊಟ್ಟ ಮನೆಗೆ ವರ್ಗವಾಗಿದ್ದರು. ಮಕ್ಕಳನ್ನು ಎಲ್ಲರ ಮುಂದೆ ಬೈಯುವುದಕ್ಕೆ ಅವರು ಆರಿಸಿಕೊಳ್ಳುತ್ತಿದ್ದ ಹೊತ್ತು ಊಟದ ಹೊತ್ತು. ಅವರ ಜೊತೆಯಲ್ಲೇ ಬಂದ ಎಂಟು ಮುದ್ದಿನ ಮಕ್ಕಳು ಮಾತ್ರ ಚೆನ್ನಾಗಿ ತೂಕ ಹಾಕಿಕೊಂಡರು. ವಿಡೋಸನ್ 1951ರಲ್ಲಿ ಇದನ್ನು ಪ್ರಕಟಿಸಿದರು.

ಉಲ್ಟಾ ದಿಕ್ಕಿನ ಲೆಕ್ಕವೂ ಇದೆ. 1974ರಲ್ಲಿ ಕೋಪನ್‌ಹೇಗನ್‌ನ ಮೂರನೇ ತರಗತಿ ಮಕ್ಕಳ ಬಗ್ಗೆ ಶಾಲೆಯವರಿಂದ ಮಾಹಿತಿ ಪಡೆದು, ಹತ್ತು ವರ್ಷ ಬಿಟ್ಟು ಮತ್ತೆ ನೋಡಿದರು. ಕೊಳಕಾಗಿ, ಕೇಳುವವರಿಲ್ಲದಂತೆ ಶಾಲೆಗೆ ಬರುತ್ತಿದ್ದ ಮಕ್ಕಳಲ್ಲಿ ಮುಂದೆ ಬೊಜ್ಜಿನ ಅಪಾಯ ಹಲವು ಪಟ್ಟು ಜಾಸ್ತಿ ಕಂಡಿತು.

ನಮ್ಮ ದೇಶದಲ್ಲಿ ಹುಡುಗಿಯರ ಪಾಲಿಗೆ ಇದರ ರುಚಿ ಬೇರೆ. ಕೇಂದ್ರ ಸರ್ಕಾರ 2007ರಲ್ಲಿ 13 ರಾಜ್ಯಗಳ ಮಕ್ಕಳನ್ನು ಕೇಳಿ ಹೊರತಂದ ವರದಿಯಲ್ಲಿ ಹತ್ತರಲ್ಲಿ ಏಳು ಹುಡುಗಿಯರು ಮನೆಯಲ್ಲಿ ಒಂದಲ್ಲ ಒಂದು ರೀತಿ ಕಡೆಗಣಿಸಲ್ಪಟ್ಟಿದ್ದೇವೆ ಅಂದಿದ್ದರು.

ಹಾಗಂತ 'ದಪ್ಪ ಆಗಿದೀನಿ' ಅನ್ನುವ ಪ್ರತಿ ಮಗುವಿನ ಮನೆಯಲ್ಲೂ ನಿರ್ಲಕ್ಷ್ಯ ಇದೆ ಅಂತ ಹೊರಡಬೇಡಿ. ಮೊಬೈಲಿನ ಫಿಲ್ಟರ್ ಇದೆ, ಗೆಳತಿಯರ ಮಾತಿದೆ, ವಯಸ್ಸೂ ಇದೆ. ಇಂಥ ಬಹಳ ಅಧ್ಯಯನಗಳು ದೊಡ್ಡವರಾದ ಮೇಲೆ ಬಾಲ್ಯವನ್ನು ನೆನೆಸಿಕೊಂಡು ಹೇಳಿದ್ದನ್ನು ನಂಬಿ ನಡೆದವು, ನೆನಪು ಯಾವಾಗಲೂ ನೆಟ್ಟಗಿರುವುದಿಲ್ಲ. ಎರಡು ಶಿಫ್ಟು ದುಡಿಯುವ ತಾಯಿಗೆ 'ನೀವು ಮಗುವನ್ನು ಕಡೆಗಣಿಸಿದ್ದೀರಿ' ಅಂತ ಹೇಳುವುದರಿಂದ ಯಾರಿಗೂ ಏನೂ ಬರುವುದಿಲ್ಲ. ನಾನು ಹೇಳುವುದೂ ಇಲ್ಲ. ದಿನದಲ್ಲಿ ಯಾವ ಊಟಕ್ಕೆ ಜೊತೆಗೆ ಕೂರಬಹುದು ಅಂತ ಕೇಳುತ್ತೇನೆ. ಆ ಹುಡುಗಿಯ ಮನೆಯಲ್ಲಿ ಅದು ಬೆಳಿಗ್ಗೆ ಆರೂವರೆಯ ಚಹಾ ಮತ್ತು ಬನ್ನು. ತೂಕದ ಮಾತು ಎತ್ತಬಾರದು ಅನ್ನುವುದೊಂದೇ ಷರತ್ತು. ಡಯಟ್ ಚಾರ್ಟ್ ಕೊಡಲಿಲ್ಲ ಅಂತ ಅವಳ ಅಪ್ಪನಿಗೆ ಸ್ವಲ್ಪ ಅಸಮಾಧಾನವೇ ಆಯಿತು. ತೂಕ ಸರಿಯಾಗಿರುವ ಮಗುವಿಗೆ ಡಯಟ್ ಚಾರ್ಟ್ ಕೊಟ್ಟರೆ 'ನೀನು ದಪ್ಪ' ಅಂತ ಡಾಕ್ಟರೇ ಸಹಿ ಹಾಕಿಕೊಟ್ಟಂತೆ.

ಶಾಲೆಗಳಿಗೂ ಒಂದು ಮಾತು. ಆರೋಗ್ಯ ತಪಾಸಣೆಯ ದಿನ ಸಾಲಾಗಿ ನಿಲ್ಲಿಸಿ, ಒಬ್ಬರು ತೂಗಿ ಗಟ್ಟಿಯಾಗಿ ಸಂಖ್ಯೆ ಕೂಗುವುದು, ಇನ್ನೊಬ್ಬರು ಬರೆದುಕೊಳ್ಳುವುದು ಈಗಲೂ ಎಷ್ಟೋ ಕಡೆ ಇದೆ. ದಯವಿಟ್ಟು ನಿಲ್ಲಿಸಿ. ಮಗುವನ್ನು ತಕ್ಕಡಿಗೆ ಬೆನ್ನು ಮಾಡಿ ನಿಲ್ಲಿಸಿ, ಸುಮ್ನೆ ಬರೆದುಕೊಳ್ಳಿ. ಒಂದು ರೂಪಾಯಿ ಖರ್ಚಿಲ್ಲ.

ಕಾಯಬಾರದ ಲಕ್ಷಣಗಳು ಕೆಲವಿವೆ. ತೂಕ ಸರ್ರನೆ ಇಳಿಯುವುದು, ಶುರುವಾಗಿದ್ದ ಮುಟ್ಟು ನಿಲ್ಲುವುದು, ಊಟವಾದ ಕೂಡಲೇ ಬಾತ್‌ರೂಮಿಗೆ ಹೋಗಿ ವಾಂತಿ ಮಾಡುವುದು, ತಿನಿಸು ಬಚ್ಚಿಡುವುದು, ವರ್ಷವಾದರೂ ಎತ್ತರ ಬೆಳೆಯದಿರುವುದು. ಇಂಥದ್ದು ಕಂಡರೆ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ಥೈರಾಯ್ಡ್, ರಕ್ತಹೀನತೆಯಂಥದ್ದು ಇದೆಯಾ ಅಂತ ಅವರು ನೋಡಲಿ. ಮನಸ್ಸಿನ ಸಹಾಯಕ್ಕೆ ಟೆಲಿ-ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಪಕ್ಕದ ಮನೆಯ ಮಗುವನ್ನು ಕೇಳುವವರೇ ಇಲ್ಲ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098. ಮಗು ತಾನೇ ಕರೆ ಮಾಡಿದರೂ ಎತ್ತುತ್ತಾರೆ.